ಬೆರಳು ಉಳಿಸುವ ಗರಗಸ ಇದ್ದರೆ ಮೈಮರೆವು ಬರುತ್ತದೆಯೇ?

ನೀವು ಕೇಳಿದ್ದು ಇದು: ಹವ್ಯಾಸಕ್ಕೆ ಮರಗೆಲಸ ಶುರು ಮಾಡಿದ್ದೀರಿ, ಒಂದು ಟೇಬಲ್ ಸಾ (ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸ) ತಗೋಬೇಕು. ಬೆರಳು ತಗುಲಿದ ಕೂಡಲೇ ತಾನೇ ನಿಲ್ಲುವ ಗರಗಸದ ಮೇಲೆ ಕಣ್ಣಿಟ್ಟಿದ್ದೀರಿ. ಆದರೆ ಅನುಭವಸ್ಥರೊಬ್ಬರು "ಅದೆಲ್ಲ ಇದ್ದರೆ ಮೈಮರೆವು ಬರುತ್ತೆ, ಭಯ ಇದ್ದರೇನೇ ಬೆರಳು ಉಳಿಯೋದು" ಅಂದುಬಿಟ್ಟಿದ್ದಾರೆ. ಅದು ನಿಜವಾ ಅನ್ನೋದು ಪ್ರಶ್ನೆ.

ಅರ್ಧ ನಿಜ. ಆ ಅರ್ಧ ಯಾವುದು ಅಂತ ನನಗೆ ಗೊತ್ತಾಗಿದ್ದು ನನ್ನ ಕೈಯಿಂದಲೇ. ಹಾಗಾಗಿ ಮೊದಲು ಆ ಕಥೆ.

ಹತ್ತು ವರ್ಷಕ್ಕೂ ಜಾಸ್ತಿ ನಾನು ಸಾದಾ ಟೇಬಲ್ ಸಾ ಬಳಸಿದೆ. ಸ್ವಿಚ್ ಆಫ್ ಮಾಡಿದರೂ ಅದರ ಬ್ಲೇಡ್ ತಕ್ಷಣ ನಿಲ್ಲುತ್ತಿರಲಿಲ್ಲ. ಹತ್ತು ಹನ್ನೆರಡು ಸೆಕೆಂಡು ತಿರುಗುತ್ತಲೇ ಇರುತ್ತಿತ್ತು, ಕೀರಲು ದನಿ ನಿಧಾನಕ್ಕೆ ಇಳಿಯುತ್ತಾ. ಆ ದನಿ ಪೂರ್ತಿ ಅಡಗುವ ತನಕ ನನ್ನ ಎರಡೂ ಕೈ ಸೊಂಟದ ಮೇಲೆ. ಯಾರೂ ಹೇಳಿಕೊಟ್ಟಿದ್ದಲ್ಲ, ಹೆದರಿಕೆಗೆ ಬಂದ ಅಭ್ಯಾಸ. ಆಮೇಲೆ ಬೆರಳು ಗುರುತಿಸುವ ಗರಗಸ ಬಂತು. ಮೊದಲ ಕೆಲವು ತಿಂಗಳು ಅದೇ ಅಭ್ಯಾಸ ನಡೆಯಿತು. ಒಂದು ಸಂಜೆ ಒಂದೇ ಅಳತೆಯ ಪಟ್ಟಿಗಳನ್ನು ಸಾಲಾಗಿ ಕತ್ತರಿಸುತ್ತಿದ್ದೆ. ಏಳನೆಯದೋ ಎಂಟನೆಯದೋ ಇರಬೇಕು. ಎರಡು ಬೆರಳಗಲದ ಚೂರೊಂದು ಬ್ಲೇಡಿನ ಆಚೆ ಬದಿಗೆ ಬಿದ್ದಿತ್ತು. ಸ್ವಿಚ್ ಆಫ್ ಮಾಡಿದೆ, ಬ್ಲೇಡ್ ಇನ್ನೂ ತಿರುಗುತ್ತಿತ್ತು. ಅದರ ಮೇಲಿಂದಲೇ ಕೈ ಚಾಚಿ ಚೂರನ್ನು ಎತ್ತಿಕೊಂಡೆ.

ಏನೂ ಆಗಲಿಲ್ಲ. ಚೂರನ್ನು ಬುಟ್ಟಿಗೆ ಹಾಕುವಾಗ ಹೊಳೆಯಿತು: ಅರೆ, ನಾನೀಗ ಏನು ಮಾಡಿದೆ? ಹಳೇ ಗರಗಸದ ಮುಂದೆ ಹೀಗೆ ಮಾಡುತ್ತಿದ್ದೆನಾ? ಖಂಡಿತ ಇಲ್ಲ. ಬ್ಲೇಡ್ ನಿಧಾನವಾಗುತ್ತಿರುವಾಗಲೂ ಬ್ರೇಕ್ ಎಚ್ಚರವಾಗಿಯೇ ಇರುತ್ತದೆ ಅಂತ ತಲೆಗೆ ಗೊತ್ತಿತ್ತು. ತಲೆಗೆ ಗೊತ್ತಿದ್ದದ್ದು ಯಾವಾಗ ಕೈಗೆ ಇಳಿಯಿತೋ ಗೊತ್ತಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಕೆಲವು ವಾರದ ನಂತರ ಗೆಳೆಯನೊಬ್ಬನ ಜಾಗದಲ್ಲಿ ಮೈಟರ್ ಸಾ, ಅಂದರೆ ಬ್ಲೇಡನ್ನು ಮೇಲಿಂದ ಇಳಿಸಿ ಅಡ್ಡ ಕತ್ತರಿಸುವ ಗರಗಸ, ಬಳಸುತ್ತಿದ್ದೆ. ಅದರಲ್ಲಿ ಇಂಥ ಬ್ರೇಕ್ ಇಲ್ಲ. ಕತ್ತರಿಸಿ ಆಯಿತು, ಬ್ಲೇಡ್ ಇನ್ನೂ ನಿಂತಿಲ್ಲ, ನನ್ನ ಕೈ ಆಗಲೇ ಚೂರಿನ ಕಡೆ ಹೊರಟಿದೆ. "ಏ, ಕೈ!" ಅಂತ ಅವನು ಕಿರುಚಿದ. ಬೆರಳಿಗೂ ಬ್ಲೇಡಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ನಿಮ್ಮ ಅನುಭವಸ್ಥರ ಮಾತಿನ ನಿಜವಾದ ಅರ್ಧ ಇದು. ಯಂತ್ರ ಕೊಟ್ಟ ಸಲಿಗೆ ಆ ಯಂತ್ರಕ್ಕೇ ಮೀಸಲಾಗಿ ಉಳಿಯುವುದಿಲ್ಲ. ಕೈ ಅದನ್ನು ಪಕ್ಕದ ಯಂತ್ರಕ್ಕೂ ಹೊತ್ತುಕೊಂಡು ಹೋಗುತ್ತದೆ.

ಇದು ಹೊಸ ವಾದವೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲೇ ಕಾರುಗಳ ಬಗ್ಗೆ ಇದನ್ನು ಹೇಳಿದ್ದರು: ಸುರಕ್ಷತಾ ನಿಯಮ ಬಂದ ಮೇಲೆ ಚಾಲಕರು ಇನ್ನಷ್ಟು ಧೈರ್ಯವಾಗಿ ಓಡಿಸುತ್ತಾರೆ, ಉಳಿದ ಜೀವಗಳ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಅಂತ. 1982ರಲ್ಲಿ ಮನಃಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರತಿಯೊಬ್ಬರೂ ತಮಗೆ ಇಷ್ಟು ಅಪಾಯ ಪರವಾಗಿಲ್ಲ ಅಂತ ಒಂದು ಮಟ್ಟ ಇಟ್ಟುಕೊಂಡಿರುತ್ತಾರೆ, ಅಪಾಯ ಅದಕ್ಕಿಂತ ಇಳಿದರೆ ತಾವೇ ಏರಿಸಿಕೊಳ್ಳುತ್ತಾರೆ ಅನ್ನೋದು ಅವರ ಮಾತು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಮ್ಯೂನಿಕ್ ನಗರದ ಟ್ಯಾಕ್ಸಿಗಳು. 1980ರ ದಶಕದಲ್ಲಿ ಅಲ್ಲಿ ಒಂದಷ್ಟು ಟ್ಯಾಕ್ಸಿಗಳಿಗೆ ಎಬಿಎಸ್ ಬ್ರೇಕ್ (ಜೋರಾಗಿ ಒತ್ತಿದರೂ ಚಕ್ರ ಕಚ್ಚಿಕೊಂಡು ಜಾರದ ಬ್ರೇಕ್) ಹಾಕಿದರು, ಉಳಿದವಕ್ಕೆ ಹಾಕಲಿಲ್ಲ. ಎಬಿಎಸ್ ಇದ್ದ ಗಾಡಿಗಳಲ್ಲಿ ಅಪಘಾತ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಚಾಲಕರು ತಿರುವುಗಳಲ್ಲಿ ಜೋರಾಗಿ ತಿರುಗಿಸಿ, ಬ್ರೇಕನ್ನು ಗಕ್ಕನೆ ಒತ್ತಿ, ಸಿಕ್ಕ ಲಾಭವನ್ನೆಲ್ಲ ವೇಗಕ್ಕೆ ಖರ್ಚು ಮಾಡಿಬಿಟ್ಟಿದ್ದರು.

ಇಷ್ಟು ಓದಿದ ಮೇಲೆ "ನೋಡಿದ್ರಾ, ಗಾರ್ಡು ಬ್ರೇಕು ಎಲ್ಲ ವ್ಯರ್ಥ" ಅನ್ನುವವರು ಬಹಳ ಜನ. ನಾನು ಅಲ್ಲಿ ನಿಲ್ಲುವುದಿಲ್ಲ. ಸೀಟ್ ಬೆಲ್ಟ್ ಜೀವ ಉಳಿಸಿದೆ, ಅದರಲ್ಲಿ ಅನುಮಾನ ಇಲ್ಲ. ಮನೆಯ ಆರ್‌ಸಿಸಿಬಿಯನ್ನೇ ನೋಡಿ, ಶಾಕ್‌ನಿಂದ ಕಾಪಾಡುವ ಸ್ವಿಚ್ ಅದು. 30 ಮಿಲಿಆಂಪಿಯರ್ ಸೋರಿದರೆ ಸಾಕು, ಕರೆಂಟ್ ಕಡಿದುಬಿಡುತ್ತದೆ. ಅದು ಇದೆ ಅಂತ ಯಾರಾದರೂ ಒದ್ದೆ ಕೈಯಲ್ಲಿ ಬರೀ ವೈರ್ ಹಿಡಿದದ್ದು ನೋಡಿದ್ದೀರಾ? ಇಲ್ಲ ಅಲ್ವಾ. ಹಾಗಾದರೆ ಎಬಿಎಸ್ ಸಲಿಗೆ ಕೊಡುತ್ತದೆ, ಆರ್‌ಸಿಸಿಬಿ ಕೊಡುವುದಿಲ್ಲ, ಯಾಕೆ?

ನನಗೆ ಕಂಡಂತೆ ಎರಡು ವಿಷಯ ಇವೆ. ಒಂದು, ಸಾಧನ ಕೆಲಸ ಮಾಡುವುದು ನಮ್ಮ ಅನುಭವಕ್ಕೆ ಬರುತ್ತದಾ? ಎರಡು, ಅಪಾಯಕ್ಕೆ ಕೈ ಹಾಕಿದರೆ ನಮಗೆ ಏನಾದರೂ ಲಾಭ ಇದೆಯಾ? ಎಬಿಎಸ್ ಗಕ್ಕನೆ ಬ್ರೇಕ್ ಒತ್ತಿದಾಗೆಲ್ಲ ಕಾಲಿನ ಕೆಳಗೆ ಗೊತ್ತಾಗುತ್ತದೆ, ಬೇಗ ತಲುಪಿದರೆ ಇನ್ನೊಂದು ಬಾಡಿಗೆ ಸಿಗುತ್ತದೆ. ವೈರ್ ಮುಟ್ಟಿದರೆ ಸಿಗುವುದೇನು? ಮಣ್ಣು.

ಈಗ ಇದೇ ಎರಡು ಪ್ರಶ್ನೆ ಇಟ್ಟುಕೊಂಡು ಗರಗಸ ನೋಡಿ. ಬ್ಲೇಡಿನ ಬೆನ್ನಿಗೇ ನಿಂತಿರುವ ತೆಳ್ಳನೆ ಉಕ್ಕಿನ ತುಂಡು ಇರುತ್ತದಲ್ಲ, ರೈವಿಂಗ್ ನೈಫ್, ಅದು ಕೆಲಸ ಮಾಡುತ್ತಿರುವುದೇ ನಮಗೆ ಗೊತ್ತಾಗುವುದಿಲ್ಲ. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಚುಕದಂತೆ, ಹಿಂಬದಿಯ ಹಲ್ಲುಗಳಿಗೆ ಹಲಗೆ ಸಿಗದಂತೆ ಸುಮ್ನೆ ನಿಂತಿರುತ್ತದೆ ಅಷ್ಟೇ. ಅದರ ಧೈರ್ಯದ ಮೇಲೆ ಹುಚ್ಚಾಟ ಆಡಿದವರನ್ನು ನಾನಂತೂ ಕಂಡಿಲ್ಲ. ಅರ್ಧ ಜನಕ್ಕೆ ಅದು ಯಾಕಿದೆ ಅಂತಲೇ ಗೊತ್ತಿರುವುದಿಲ್ಲ, ಆದರೂ ಅವರನ್ನೂ ಅದು ಕಾಯುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ಟೇಬಲ್ ಸಾದಲ್ಲಿ ಅದಕ್ಕಿಂತ ಒಳ್ಳೆಯ ಸುರಕ್ಷತಾ ಸಾಧನ ಇಲ್ಲ.

ಬೆರಳು ಗುರುತಿಸುವ ಬ್ರೇಕಿನ ಕಥೆ ಸ್ವಲ್ಪ ಬೇರೆ. ಅದನ್ನು ಕಂಡುಹಿಡಿದವರು ಸ್ಟೀವ್ ಗ್ಯಾಸ್, 1999ರಲ್ಲಿ. ಭೌತಶಾಸ್ತ್ರ ಓದಿ ಪೇಟೆಂಟ್ ವಕೀಲರಾಗಿದ್ದವರು, ಬಿಡುವಿನಲ್ಲಿ ಮರಗೆಲಸ. ಬೆರಳಿನ ಬದಲಿಗೆ ಮಾಂಸದ ಸಾಸೇಜನ್ನು ಬ್ಲೇಡಿಗೆ ತಾಗಿಸಿ ತೋರಿಸುವ ವಿಡಿಯೋ ನೀವೂ ನೋಡಿರುತ್ತೀರಿ. ಅವರು ತಮ್ಮ ಬೆರಳನ್ನೇ ಇಟ್ಟು ತೋರಿಸಿದ್ದೂ ಉಂಟು. (ಧೈರ್ಯ ಅನ್ನಬೇಕೋ ಇನ್ನೇನು ಅನ್ನಬೇಕೋ, ನಿಮಗೆ ಬಿಟ್ಟಿದ್ದು.) ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಓಡುತ್ತಿರುತ್ತದೆ. ಮರ ತಾಗಿದರೆ ಅದಕ್ಕೆ ಏನೂ ಆಗುವುದಿಲ್ಲ. ಮೈ ತಾಗಿದರೆ ಅದರ ಒಂದು ಪಾಲನ್ನು ಮೈ ಎಳೆದುಕೊಳ್ಳುತ್ತದೆ, ಸಂಕೇತ ಕುಸಿಯುತ್ತದೆ. ಕುಸಿದ ಕೂಡಲೇ ಒಂದು ತಂತಿ ಕರಗಿ ಸ್ಪ್ರಿಂಗ್ ಬಿಡುಗಡೆಯಾಗುತ್ತದೆ, ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಎಲ್ಲ ಸೇರಿ ಸುಮಾರು 5 ಮಿಲಿಸೆಕೆಂಡು. ನಿಮಿಷಕ್ಕೆ 4,000 ಸುತ್ತು ಹೊಡೆಯುವ ಬ್ಲೇಡಿಗೆ ಒಂದು ಸುತ್ತಿಗೇ 15 ಮಿಲಿಸೆಕೆಂಡು ಬೇಕು. ಅಂದರೆ ಮೂರನೇ ಒಂದು ಸುತ್ತಿನೊಳಗೆ ನಿಂತುಬಿಡುತ್ತದೆ.

ಇಲ್ಲಿ ಲಾಭದ ಪ್ರಶ್ನೆ ಕೇಳಿ. ಈ ಬ್ರೇಕ್ ಇದೆ ಅಂತ ಹಲಗೆ ಬೇಗ ಕೊಯ್ಯಲು ಬರುವುದಿಲ್ಲ. ಒಂದು ಸಲ ಹಾರಿತೆಂದರೆ ಬ್ರೇಕಿನ ಕಾರ್ಟ್ರಿಜ್ ಹೋಯಿತು, ಜೊತೆಗೆ ಸಾಮಾನ್ಯವಾಗಿ ಬ್ಲೇಡೂ ಹೋಯಿತು. ಎರಡನ್ನೂ ಹೊಸದಾಗಿ ತರಬೇಕು, ಆ ದಿನದ ಕೆಲಸ ಕೆಟ್ಟಿತು. ಇಷ್ಟೆಲ್ಲ ಇರುವಾಗ ಬೇಕೆಂದೇ ಬೆರಳು ಹತ್ತಿರ ಒಯ್ಯುವವರು ಯಾರೂ ಇಲ್ಲ. ಸಲಿಗೆ ನುಸುಳುವುದು ನನಗೆ ನುಸುಳಿದಂಥ ಜಾಗದಲ್ಲಿ. ಎರಡು ಸೆಕೆಂಡು ಉಳಿಸುವ ಸಣ್ಣ ಸಣ್ಣ ಕೆಲಸಗಳಲ್ಲಿ. ಚೂರು ಎತ್ತುವುದು, ಹೊಟ್ಟು ಗುಡಿಸುವುದು, ತಳ್ಳುಕೋಲು ದೂರ ಇದೆ ಅಂತ ಕೈಯಲ್ಲೇ ತಳ್ಳುವುದು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಬ್ರೇಕ್ ಒಂದೇ ಅಪಾಯಕ್ಕೆ ಮದ್ದು. ನಮ್ಮ ಮನಸ್ಸು ಅದನ್ನು ಎಲ್ಲ ಅಪಾಯಕ್ಕೂ ಮದ್ದು ಅಂದುಕೊಳ್ಳುತ್ತದೆ. ಕಿಕ್‌ಬ್ಯಾಕ್ ತಗೊಳ್ಳಿ. ಹಲಗೆ ಓರೆಯಾಗಿ ಹಿಂದಿನ ಹಲ್ಲುಗಳಿಗೆ ಸಿಕ್ಕಿತೆಂದರೆ ಬ್ಲೇಡ್ ಅದನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. 10 ಇಂಚಿನ ಬ್ಲೇಡ್ 4,000 ಸುತ್ತಿನಲ್ಲಿ ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ 53 ಮೀಟರ್, ಗಂಟೆಗೆ ಸುಮಾರು 190 ಕಿಲೋಮೀಟರ್. ಆ ಹಲಗೆ ಹೊಟ್ಟೆಗೆ ಬಡಿದರೆ ಬೆರಳು ಗುರುತಿಸುವ ಬ್ರೇಕಿಗೆ ಅದು ಗೊತ್ತೇ ಆಗುವುದಿಲ್ಲ. ಅದು ಕಾಯುತ್ತಿರುವುದು ಮೈ ಬ್ಲೇಡಿಗೆ ತಾಗುವುದನ್ನು, ಹಲಗೆ ಮೈಗೆ ತಾಗುವುದನ್ನಲ್ಲ.

ಇನ್ನು ಆ 5 ಮಿಲಿಸೆಕೆಂಡಿನ ಲೆಕ್ಕ. ಹಲಗೆಯನ್ನು ನಿಧಾನಕ್ಕೆ ತಳ್ಳುವ ಕೈ ಅಷ್ಟು ಹೊತ್ತಿನಲ್ಲಿ ಒಂದೆರಡು ಮಿಲಿಮೀಟರ್ ಹೋಗುತ್ತದೆ. ಗೀರು ಬೀಳಬಹುದು, ಪಟ್ಟಿ ಸುತ್ತಿಕೊಂಡರೆ ಸಾಕು. ಆದರೆ ಹಲಗೆ ಹಾರಿದಾಗ ಅದರ ಜೊತೆ ಕೈಯೂ ಸೆಳೆದುಕೊಂಡು ಹೋಗುತ್ತದೆ. ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಬಂದ ಕೈ ಅದೇ 5 ಮಿಲಿಸೆಕೆಂಡಿನಲ್ಲಿ ಒಂದೂವರೆ ಸೆಂಟಿಮೀಟರ್ ಹೋಗುತ್ತದೆ. ಒಂದೂವರೆ ಸೆಂಟಿಮೀಟರ್ ಅಂದರೆ ಬೆರಳಿನ ದಪ್ಪ. ಸಾಸೇಜಿನ ವಿಡಿಯೋದಲ್ಲಿ ಇದು ಕಾಣುವುದಿಲ್ಲ, ಅಲ್ಲಿ ಸಾಸೇಜು ಬಹಳ ಸಾವಧಾನವಾಗಿ ಬರುತ್ತದೆ.

ಹಸಿ ಮರದ ವಿಷಯವೂ ಇದೆ. ತೇವ ಜಾಸ್ತಿ ಇದ್ದರೆ ಯಂತ್ರ ಅದನ್ನೇ ಬೆರಳು ಅಂದುಕೊಳ್ಳಬಹುದು. ಅದಕ್ಕೆ ಬ್ರೇಕನ್ನು ತಾತ್ಕಾಲಿಕವಾಗಿ ಬದಿಗಿಡುವ ವ್ಯವಸ್ಥೆ ಕೊಟ್ಟಿರುತ್ತಾರೆ. ಕಣ್ಣಿಗೆ ಗರಗಸ ಅದೇ, ದನಿ ಅದೇ, ಕಾವಲು ಮಾತ್ರ ಇಲ್ಲ. ಕಲಿತ ಸಲಿಗೆಗೆ ಇದು ಗೊತ್ತಾಗಬೇಕಲ್ಲ.

ಸರಿ, ಹಾಗಾದರೆ "ಭಯ ಇದ್ದರೇನೇ ಬೆರಳು ಉಳಿಯೋದು" ಅನ್ನುವ ಮಾತು? ಇದು ನಿಜ ಅಲ್ಲದ ಅರ್ಧ. ಭಯ ಬಾಳಿಕೆ ಬರುವ ಸಾಮಾನಲ್ಲ. ಮೊದಲ ದಿನ ಗರಗಸ ಚಾಲೂ ಮಾಡಿದಾಗ ಎದೆ ಡವಡವ ಅನ್ನುತ್ತದೆ. ಸಾವಿರ ಸಲ ಕೊಯ್ದ ಮೇಲೆ ಅದೇ ದನಿಯ ನಡುವೆ ನಾಳೆಯ ಕೆಲಸ ಯೋಚಿಸುತ್ತಿರುತ್ತೇವೆ. ಏನೂ ಆಗದೆ ಮುಗಿದ ಒಂದೊಂದು ಕೊಯ್ತವೂ "ಏನಾಗಲ್ಲ ಬಿಡು" ಅಂತ ಕಿವಿಯಲ್ಲಿ ಹೇಳಿ ಹೋಗುತ್ತದೆ. ಗಾರ್ಡೂ ಇಲ್ಲದ, ಬ್ರೇಕೂ ಇಲ್ಲದ ಬರೀ ಬ್ಲೇಡಿನ ಮುಂದೆ ನಿಂತವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜಿನ ಪ್ರಕಾರ ಅಲ್ಲಿ ಟೇಬಲ್ ಸಾ ಬ್ಲೇಡ್ ತಗುಲಿ ಗಾಯವಾಗುವವರು ವರ್ಷಕ್ಕೆ 30,000ದ ಆಸುಪಾಸು. ಅಲ್ಲಿ ಬಳಕೆಯಲ್ಲಿರುವ ಗರಗಸಗಳಲ್ಲಿ ಹೆಚ್ಚಿನವಕ್ಕೆ ಈ ಬ್ರೇಕೇ ಇಲ್ಲ. ಅವರ ಮೈಮರೆವಿಗೆ ಯಾವ ಸಾಧನವನ್ನು ದೂರೋಣ?

ಒಂದು ಮಾತು ಮಾತ್ರ ಒಪ್ಪುತ್ತೇನೆ. ಕೆಟ್ಟದಾಗಿ ಮಾಡಿದ ಸಾಧನ ಇಲ್ಲದಿರುವುದಕ್ಕಿಂತ ಕಡೆ. ನನ್ನ ಮೊದಲ ಗರಗಸದ ಗಾರ್ಡ್, ಅಂದರೆ ಬ್ಲೇಡನ್ನು ಮುಚ್ಚುವ ಕವಚ, ಹಾಗಿತ್ತು. ಗುರುತಿನ ಗೆರೆ ಕಾಣುತ್ತಿರಲಿಲ್ಲ, ಸಣ್ಣ ಪಟ್ಟಿ ಸೀಳಲು ಹೋದರೆ ತಳ್ಳುಕೋಲು ಅದಕ್ಕೇ ತಗುಲುತ್ತಿತ್ತು. ಎರಡನೇ ವಾರಕ್ಕೆ ಬಿಚ್ಚಿದೆ, ಮತ್ತೆ ಹಾಕಲಿಲ್ಲ. ರೈವಿಂಗ್ ನೈಫ್ ಅದೇ ಗಾರ್ಡಿಗೆ ಜೋಡಿಸಿದ್ದರಿಂದ ಅದೂ ಜೊತೆಗೇ ಹೋಯಿತು! ಕಿರಿಕಿರಿ ಕೊಡುವ ಒಂದು ಸಾಧನ, ಒಳ್ಳೆಯದನ್ನೂ ಎಳೆದುಕೊಂಡು ಹೋಗಿತ್ತು. ಲೋಹ ಕತ್ತರಿಸುವ, ಉಜ್ಜುವ ಆಂಗಲ್ ಗ್ರೈಂಡರಿನ ಕಥೆಯೂ ಇದೇ. ಗಾರ್ಡ್ ಅಡ್ಡ ಬರುತ್ತದೆ ಅಂತ ಬಿಚ್ಚುತ್ತಾರೆ, ಒತ್ತಿ ಹಿಡಿದರೆ ಮಾತ್ರ ಓಡುವ ಸ್ವಿಚ್ಚಿಗೆ ಟೇಪ್ ಸುತ್ತುತ್ತಾರೆ. ನಿಮಿಷಕ್ಕೆ 11,000 ಸುತ್ತು ಹೊಡೆಯುವ ನಾಲ್ಕಿಂಚಿನ ಡಿಸ್ಕು ಒಡೆದರೆ ಚೂರು ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸುವುದೇ ಆ ಗಾರ್ಡ್.

ನಿಮ್ಮ ಖರೀದಿಗೆ ಬರೋಣ. ರೈವಿಂಗ್ ನೈಫ್ ಇಲ್ಲದ ಗರಗಸವನ್ನು ನೋಡಲೇಬೇಡಿ. ಗಾರ್ಡ್ ತೆಗೆದರೂ ಅದು ಅಲ್ಲೇ ಉಳಿಯುತ್ತದಾ, ಬ್ಲೇಡಿನ ಜೊತೆ ಮೇಲೆ ಕೆಳಗೆ ಹೋಗುತ್ತದಾ ಅಂತ ಅಂಗಡಿಯಲ್ಲೇ ತಿರುಗಿಸಿ ನೋಡಿ. ಗಾರ್ಡನ್ನು ಕೈಯಲ್ಲೇ ಬಿಚ್ಚಿ ಹಾಕಿ ನೋಡಿ. ಒಂದು ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ನೀವು ಮತ್ತೆ ಹಾಕುವುದಿಲ್ಲ, ನನ್ನ ಮಾತು ನಂಬಿ. ಬೆರಳು ಗುರುತಿಸುವ ಬ್ರೇಕಿಗೆ ದುಡ್ಡು ಹೊಂದುತ್ತಾ? ಸಂಕೋಚ ಬೇಡ, ತಗೊಳ್ಳಿ. ನಾನು ಹಳೆಯದಕ್ಕೆ ಮರಳುವ ಯೋಚನೆಯನ್ನೂ ಮಾಡಿಲ್ಲ. ಬೇರೆ ಯಂತ್ರಗಳೂ ಬಳಸುವುದಿದ್ದರೆ ಎಲ್ಲದರ ಮುಂದೆಯೂ ಒಂದೇ ಅಭ್ಯಾಸ ಇಟ್ಟುಕೊಳ್ಳಿ. ಬ್ರೇಕ್ ಇರುವುದಕ್ಕೆ ಒಂದು, ಇಲ್ಲದ್ದಕ್ಕೆ ಒಂದು ಅಂತ ಕೈಗೆ ಎರಡೆರಡು ಪಾಠ ಹೇಳಬೇಡಿ, ಅದು ಗೊಂದಲ ಮಾಡಿಕೊಳ್ಳುತ್ತದೆ.

ಆ ಮೈಟರ್ ಸಾ ಘಟನೆ ಆದ ಮೇಲೆ ನಾನು ಒಂದೇ ಒಂದು ಕೆಲಸ ಮಾಡಿದೆ. ನನ್ನ ಟೇಬಲ್ ಸಾದ ಬ್ಲೇಡಿನ ಸುತ್ತ ಒಂದು ಗೇಣು ಜಾಗಕ್ಕೆ ಕೆಂಪು ಬಣ್ಣ ಬಳಿದೆ. ಕೆಂಪಿನೊಳಗೆ ತಳ್ಳುಕೋಲು ಹೋಗಬಹುದು, ಕೈ ಹೋಗುವ ಹಾಗಿಲ್ಲ, ಬ್ಲೇಡ್ ಪೂರ್ತಿ ನಿಲ್ಲುವ ತನಕ. ತುಂಡಾದ ಚೂರು ಅಲ್ಲೇ ಬಿದ್ದಿರುತ್ತದೆ. ಕೈ ಸೊಂಟದ ಮೇಲೆ. ಪಕ್ಕದಲ್ಲಿ ನಿಂತವರಿಗೆ ಇದು ತಮಾಷೆಯಾಗಿ ಕಾಣುತ್ತದೆ. "ನಿಮ್ಮದು ಬೆರಳು ತಾಗಿದರೆ ನಿಲ್ಲುತ್ತಲ್ಲ, ಮತ್ಯಾಕೆ ಕಾಯ್ತೀರಿ?" ಅಂತ ಕೇಳುತ್ತಾರೆ. ಮೈಟರ್ ಸಾ ತೋರಿಸಿ, "ಅದು ನಿಲ್ಲಲ್ಲ" ಅನ್ನುತ್ತೇನೆ.