ಕಮೆಂಟು ಬೇಡ ಅನ್ನುವವರಿಗೆ ಒಂದು ಬಟನ್

ಓದುಗರ ಪತ್ರ (ಸಂಕ್ಷಿಪ್ತವಾಗಿ): "ನಿಮ್ಮ ವೆಬ್‌ಸೈಟಿನಲ್ಲಿ ಬಂದ ಥೈರಾಯ್ಡ್ ಲೇಖನ ಓದಿದೆ. ಚೆನ್ನಾಗಿತ್ತು. ಕೊನೆಯ ಸಾಲು ಮುಗಿಯುತ್ತಿದ್ದ ಹಾಗೇ ಕೆಳಗಿನ ಕಮೆಂಟುಗಳು ಕಣ್ಣಿಗೆ ಬಿದ್ದವು. ಒಬ್ಬರು 'ಮಾತ್ರೆ ಬಿಸಾಕಿ, ಇದೆಲ್ಲ ಕಂಪನಿಗಳ ಆಟ' ಎಂದು ಬರೆದಿದ್ದರು. ಇನ್ನೊಬ್ಬರು ಅವರಿಗೆ ಬೈದಿದ್ದರು. ಮೂರನೆಯವರು ಇಬ್ಬರಿಗೂ ಬೈದಿದ್ದರು. ನಾನು ಅದೇ ಮಾತ್ರೆ ನುಂಗುವವಳು. ರಾತ್ರಿ ಮಲಗಿದಾಗ ಲೇಖನದ ಒಂದು ಮಾತೂ ನೆನಪಿಗೆ ಬರಲಿಲ್ಲ, ಕಮೆಂಟುಗಳೇ ತಲೆಯಲ್ಲಿ ತಿರುಗುತ್ತಿದ್ದವು. ಕಮೆಂಟು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಬರೆಯುವವರು ಬರೆಯಲಿ. ನನಗೆ ಕಾಣದ ಹಾಗೆ ಮಾಡಲು ಒಂದು ಬಟನ್ ಕೊಡಿ, ಸಾಕು. ಮನೆಯಲ್ಲಿ ಹೇಳಿದರೆ 'ಓದಬೇಡ, ಅಷ್ಟೇ' ಅನ್ನುತ್ತಾರೆ. ಅದು ಅಷ್ಟು ಸುಲಭವಾ?"

ಸಂಪಾದಕರ ಉತ್ತರ:

ಸುಲಭವಲ್ಲ. ನಿಮ್ಮ ಮನೆಯವರ ಮಾತನ್ನೇ ನಮ್ಮ ಆಫೀಸಿನಲ್ಲೂ ಕೆಲವರು ಹೇಳಿದರು. 'ಇಷ್ಟವಿಲ್ಲದಿದ್ದರೆ ಓದಬಾರದು, ಯಾರೂ ಒತ್ತಾಯ ಮಾಡಿಲ್ಲವಲ್ಲ' ಎಂದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕಣ್ಣು ಹಾಗೆ ಕೆಲಸ ಮಾಡುವುದಿಲ್ಲ. ಮೊಬೈಲಿನಲ್ಲಿ ಲೇಖನದ ಕೊನೆಯ ಪ್ಯಾರಾ ಓದಬೇಕಾದರೆ ಬೆರಳು ಪುಟವನ್ನು ಮೇಲಕ್ಕೆ ತಳ್ಳುತ್ತದೆ. ಕೊನೆಯ ಸಾಲು ಪರದೆಯ ಮಧ್ಯಕ್ಕೆ ಬರುವಷ್ಟರಲ್ಲಿ ಮೊದಲ ಕಮೆಂಟು ಅದರ ಕೆಳಗೇ ಬಂದು ಕೂತಿರುತ್ತದೆ. ನಾಲ್ಕೇ ಪದದ ಸಾಲು. ಓದಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಓದಿ ಮುಗಿದಿರುತ್ತದೆ. ಬೈಗುಳಕ್ಕಂತೂ ಈ ಗುಣ ಜಾಸ್ತಿ. ಹೊಗಳಿಕೆಯನ್ನು ನಾವು ಹುಡುಕಿಕೊಂಡು ಓದುತ್ತೇವೆ, ಬೈಗುಳ ತಾನಾಗಿಯೇ ಓದಿಸಿಕೊಳ್ಳುತ್ತದೆ.

ರಾತ್ರಿ ಲೇಖನ ಮರೆತು ಕಮೆಂಟು ಮಾತ್ರ ಉಳಿಯಿತು ಎಂದಿದ್ದೀರಿ. ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಡೊಮಿನಿಕ್ ಬ್ರೊಸಾರ್ಡ್, ಡೀಟ್ರಾಮ್ ಶ್ಯೂಫೆಲೆ ಮತ್ತು ಅವರ ಜೊತೆಗಾರರು 1,183 ಜನರಿಗೆ ನ್ಯಾನೋ ಬೆಳ್ಳಿಯ (ತೀರಾ ಸೂಕ್ಷ್ಮ ಕಣಗಳ ರೂಪದ ಬೆಳ್ಳಿ) ಬಗ್ಗೆ ಒಂದು ಬರಹ ಕೊಟ್ಟರು. ಬರಹ ಎಲ್ಲರಿಗೂ ಒಂದೇ. ಕೆಳಗಿದ್ದ ಕಮೆಂಟುಗಳ ಧಾಟಿ ಮಾತ್ರ ಬೇರೆ. ಕೆಲವರಿಗೆ ಮರ್ಯಾದೆಯ ಮಾತು ಕಂಡಿತು, ಕೆಲವರಿಗೆ ಹೀಯಾಳಿಕೆ ಕಂಡಿತು. ಹೀಯಾಳಿಕೆ ಓದಿದವರಲ್ಲಿ ಆ ತಂತ್ರಜ್ಞಾನ ಎಷ್ಟು ಅಪಾಯಕಾರಿ ಎಂಬ ವಿಚಾರದಲ್ಲಿ ಅಭಿಪ್ರಾಯಗಳು ಎರಡು ದಿಕ್ಕಿಗೆ ಸರಿದವು. ಮೊದಲೇ ಒಂದು ಕಡೆ ವಾಲಿದ್ದವರು ಇನ್ನಷ್ಟು ವಾಲಿದರು. ಬರಹದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ ನೋಡಿ. ಒಂದೇ ಅಧ್ಯಯನವನ್ನು ನಂಬಿ ಎಲ್ಲವನ್ನೂ ತೀರ್ಮಾನ ಮಾಡಬಾರದು, ಒಪ್ಪುತ್ತೇನೆ. ಆದರೆ 'ಪಾಪ್ಯುಲರ್ ಸೈನ್ಸ್' ಪತ್ರಿಕೆ 2013ರಲ್ಲಿ ತನ್ನ ವೆಬ್‌ಸೈಟಿನ ಕಮೆಂಟುಗಳನ್ನು ನಿಲ್ಲಿಸಿದಾಗ ಕೊಟ್ಟ ಕಾರಣಗಳಲ್ಲಿ ಇದೇ ಅಧ್ಯಯನ ಮುಖ್ಯವಾಗಿತ್ತು.

ಆಮೇಲೆ ಕಮೆಂಟಿಗೆ ಬಾಗಿಲು ಹಾಕಿದವರ ಸಾಲು ದೊಡ್ಡದೇ ಆಯಿತು. ಸುದ್ದಿಸಂಸ್ಥೆ ರಾಯ್ಟರ್ಸ್ 2014ರಲ್ಲಿ, ಅಮೆರಿಕದ ರೇಡಿಯೊ ಸಂಸ್ಥೆ ಎನ್‌ಪಿಆರ್ 2016ರಲ್ಲಿ. ಸಿನಿಮಾ ಪ್ರಿಯರ ಸೈಟು ಐಎಮ್‌ಡಿಬಿ ತನ್ನ ಚರ್ಚಾ ಫಲಕಗಳನ್ನೇ 2017ರಲ್ಲಿ ಮುಚ್ಚಿತು. ಇವರಲ್ಲಿ ಎನ್‌ಪಿಆರ್ ತನ್ನ ಲೆಕ್ಕವನ್ನು ಎಲ್ಲರ ಮುಂದೆ ಇಟ್ಟಿತು. 2016ರ ಜುಲೈ ತಿಂಗಳಲ್ಲಿ ಅದರ ಸೈಟಿಗೆ ಬಂದವರು ಹತ್ತಿರ ಹತ್ತಿರ 3.3 ಕೋಟಿ ಜನ. ಬಂದ ಕಮೆಂಟು 4,91,000. ಅಷ್ಟನ್ನೂ ಬರೆದವರು 19,400 ಜನ. ನೂರಕ್ಕೆ ಒಬ್ಬರೂ ಅಲ್ಲ, ಸಾವಿರಕ್ಕೆ ಒಬ್ಬರೂ ಅಲ್ಲ. ಭಾಗಾಕಾರ ಮಾಡಿದರೆ ಒಬ್ಬೊಬ್ಬರೂ ತಿಂಗಳಿಗೆ ಇಪ್ಪತ್ತೈದರ ಹತ್ತಿರ ಬರೆದ ಹಾಗಾಯಿತು. 'ಓದುಗರ ಅಭಿಪ್ರಾಯ' ಎಂಬ ತಲೆಬರಹದ ಕೆಳಗೆ ನಾವೆಲ್ಲ ಓದುವುದು ಈ ಚಿಕ್ಕ ಗುಂಪಿನ ಅಭಿಪ್ರಾಯವನ್ನು. ಉಳಿದವರು ಸುಮ್ನೆ ಓದಿ ಎದ್ದು ಹೋಗುತ್ತಾರೆ, ನಿಮ್ಮ ಹಾಗೆ.

ಹಾಗಾದರೆ ಪೂರ್ತಿ ಮುಚ್ಚಿಬಿಡಬಹುದಲ್ಲ? ನನಗೆ ಮನಸ್ಸಿಲ್ಲ. ಮುಚ್ಚಿದ ಕೂಡಲೇ ಮಾತು ನಿಲ್ಲುವುದಿಲ್ಲ. ಅದು ಫೇಸ್‌ಬುಕ್ಕಿಗೆ, ವಾಟ್ಸಾಪ್ ಗುಂಪುಗಳಿಗೆ ಹೋಗುತ್ತದೆ, ಅಲ್ಲಿ ನಮ್ಮ ಕೈ ನಡೆಯುವುದಿಲ್ಲ. ಇನ್ನೊಂದು ಮಾತೂ ಇದೆ. ಆ ಚಿಕ್ಕ ಗುಂಪಿನಲ್ಲಿ ಒಳ್ಳೆಯವರೂ ಇದ್ದಾರೆ. ಸೇತುವೆ ಕುಸಿದ ಬಗ್ಗೆ ಬರೆದರೆ ನಿವೃತ್ತ ಎಂಜಿನಿಯರೊಬ್ಬರು ಬಂದು ಬೇರಿಂಗ್ ಎಂದರೇನು, ಅದು ಹೇಗೆ ಸವೆಯುತ್ತದೆ ಎಂದು ಹತ್ತು ಸಾಲಿನಲ್ಲಿ ಬಿಡಿಸಿ ಹೇಳುತ್ತಾರೆ. ವರದಿಗಾರರಿಗೆ ಸಿಗದ ಮಾಹಿತಿ ಅದು, ಪುಕ್ಕಟೆಯಾಗಿ ಬರುತ್ತದೆ. ಅವರನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ಆದ್ದರಿಂದ ನಿಮ್ಮ ಬಟನ್ನಿಗೆ ನನ್ನ ಓಟು. ಆದರೆ ನೀವು ಕೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗೋಣ ಎಂಬುದು ನನ್ನ ಆಸೆ. ನೀವು ಕೇಳಿದ್ದು ಕಮೆಂಟು ಮುಚ್ಚುವ ಬಟನ್. ನಾನು ಹೇಳುವುದು, ಕಮೆಂಟು ಮೊದಲೇ ಮುಚ್ಚಿರಲಿ, ಬೇಕಾದವರು ಬಟನ್ ಒತ್ತಿ ತೆರೆಯಲಿ. ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಆದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ಬದಲಾಯಿಸುವವರು ಬಹಳ ಕಡಿಮೆ. ಫೋನ್ ಕೊಂಡಾಗ ಬಂದ ರಿಂಗ್‌ಟೋನನ್ನೇ ವರ್ಷಗಟ್ಟಲೆ ಇಟ್ಟುಕೊಳ್ಳುವ ಜನ ನಾವು. ಹಾಗಾಗಿ ಪುಟ ಮೊದಲ ಸಲ ತೆರೆದಾಗ ಏನು ಕಾಣುತ್ತದೋ ಅದೇ ಬಹುಪಾಲು ಓದುಗರಿಗೆ ಕೊನೆಯವರೆಗೂ ಕಾಣುವುದು. ಮುಚ್ಚುವ ಬಟನ್ನನ್ನು ಯಾವುದೋ ಮೂಲೆಯಲ್ಲಿ ಇಟ್ಟು 'ಕೊಟ್ಟಿದ್ದೇವಲ್ಲ' ಎನ್ನುವುದು ಸುಲಭ. ಅಂಥ ಬಟನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ನ್ಯೂಯಾರ್ಕ್ ಟೈಮ್ಸ್ ಸೈಟು ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಕಮೆಂಟು ಲೇಖನದ ಬಾಲದ ಹಾಗೆ ನೇತಾಡುವುದಿಲ್ಲ. ಬೇಕೆಂದು ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ.

ಬಟನ್ ಮೇಲೆ ಕಮೆಂಟುಗಳ ಸಂಖ್ಯೆ ಹಾಕಬೇಕೇ ಎಂಬುದರ ಬಗ್ಗೆ ನಮ್ಮಲ್ಲಿ ಜೋರು ವಾದ ನಡೆದಿದೆ. ನನ್ನ ಮಟ್ಟಿಗೆ ಬೇಡ. '412 ಪ್ರತಿಕ್ರಿಯೆಗಳು' ಎಂದು ಕಂಡರೆ ಸಾಕು, ಒಳಗೆ ಜಗಳ ನಡೆದಿದೆ ಎಂದು ಗೊತ್ತಾಗುತ್ತದೆ. ಜಗಳ ನಡೆದಿದೆ ಎಂದ ಮೇಲೆ ಇಣುಕದೆ ಇರುವವರು ಯಾರು? ಮುಚ್ಚಿದ ಬಾಗಿಲ ಮೇಲೆ ಒಳಗಿನ ಗಲಾಟೆಯ ಬೋರ್ಡು ಹಾಕಿದಂತೆ ಅದು.

ಇನ್ನು ಮುಚ್ಚುವುದರಲ್ಲೂ ಎರಡು ವಿಧ ಇದೆ. ಓದುಗರಿಗೆ ಇದು ಗೊತ್ತಿರಬೇಕು. ಒಂದು, ಕಮೆಂಟುಗಳನ್ನೆಲ್ಲ ನಿಮ್ಮ ಫೋನಿಗೆ ಇಳಿಸಿ, ಕಾಣದ ಹಾಗೆ ಪರದೆ ಎಳೆಯುವುದು. ಇದರಲ್ಲಿ ನಿಮ್ಮ ಡೇಟಾ ಖರ್ಚಾಗುತ್ತದೆ. ಪುಟ ನಿಧಾನವಾಗಿ ತೆರೆದರೆ ಪರದೆ ಬೀಳುವ ಮುಂಚೆ ಒಂದು ಕ್ಷಣ ಎಲ್ಲವೂ ಕಂಡುಬಿಡಬಹುದು. ಇನ್ನೊಂದು, ನೀವು ಒತ್ತುವವರೆಗೆ ಕಮೆಂಟುಗಳನ್ನು ತರಿಸದೇ ಇರುವುದು. ಪುಟ ಹಗುರವಾಗುತ್ತದೆ, ಬೇಗ ತೆರೆಯುತ್ತದೆ. ಇದಕ್ಕಿಂತ ದೊಡ್ಡ ಲಾಭವೂ ಇದೆ. ಎಷ್ಟೋ ಸೈಟುಗಳು ಕಮೆಂಟು ಪೆಟ್ಟಿಗೆಯನ್ನು ತಾವೇ ಮಾಡಿರುವುದಿಲ್ಲ. ಡಿಸ್ಕಸ್‌ನಂಥ ಹೊರಗಿನ ಕಂಪನಿಯಿಂದ ಪಡೆದಿರುತ್ತವೆ. ಆ ಪೆಟ್ಟಿಗೆ ತೆರೆದುಕೊಳ್ಳುವಾಗ ಆ ಕಂಪನಿಯ ಪ್ರೋಗ್ರಾಂಗಳೂ ನಿಮ್ಮ ಬ್ರೌಸರಿಗೆ ಬರುತ್ತವೆ. ನೀವು ಯಾವ ಪುಟ ನೋಡಿದಿರಿ ಎಂದು ಗುರುತು ಮಾಡಿಕೊಳ್ಳಲು ಅವಕ್ಕೆ ಅವಕಾಶ ಸಿಗುತ್ತದೆ. ಕಮೆಂಟೇ ಬೇಡ ಎಂದವರ ಮೇಲೆ ಕಮೆಂಟು ಕಂಪನಿ ಕಣ್ಣಿಡುವುದು ಯಾವ ನ್ಯಾಯ? ನಮ್ಮ ತಾಂತ್ರಿಕ ತಂಡಕ್ಕೆ ನಾನು ಕೇಳಿರುವುದು ಎರಡನೆಯ ವಿಧವನ್ನೇ.

ನಿಮ್ಮ ಆಯ್ಕೆ ನೆನಪಿರಬೇಕಾದದ್ದೂ ಮುಖ್ಯ. ಪ್ರತಿ ಲೇಖನದಲ್ಲೂ ಹೊಸದಾಗಿ ಒತ್ತಬೇಕಾದರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಇದಕ್ಕೆ ಲಾಗಿನ್ ಬೇಕಾಗಿಲ್ಲ, ಬ್ರೌಸರಿನಲ್ಲೇ ಒಂದು ಚಿಕ್ಕ ಗುರುತು ಇಟ್ಟರೆ ಸಾಕು. ಆದರೆ ಹಿಸ್ಟರಿ, ಕುಕೀಗಳನ್ನು ಅಳಿಸಿದರೆ ಅದೂ ಹೋಗುತ್ತದೆ, ಬೇರೆ ಫೋನಿನಲ್ಲಿ ತೆರೆದರೂ ಇರುವುದಿಲ್ಲ. ಕಮೆಂಟು ಮೊದಲೇ ಮುಚ್ಚಿರಲಿ ಎಂದು ನಾನು ಹಟ ಹಿಡಿಯಲು ಇದೂ ಒಂದು ಕಾರಣ. ಗುರುತು ಅಳಿಸಿ ಹೋದರೂ ನಿಮಗೆ ನಷ್ಟವಿಲ್ಲ.

ಈಗ ನನಗೆ ನಿಜವಾಗಿ ಕಷ್ಟವಾಗಿರುವ ವಿಷಯಕ್ಕೆ ಬರುತ್ತೇನೆ. ನಿಮಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಕಮೆಂಟು ಇಲ್ಲವಾಗುವುದಿಲ್ಲ. 'ಮಾತ್ರೆ ಬಿಸಾಕಿ' ಎಂಬ ಸಾಲನ್ನು ನೀವು ಬಟನ್ ಒತ್ತಿ ಮರೆಮಾಡಿದಿರಿ ಅನ್ನಿ. ನಿಮ್ಮ ನಂತರ ಬರುವ ಇನ್ನೊಬ್ಬ ಥೈರಾಯ್ಡ್ ರೋಗಿ ಅದನ್ನು ತೆರೆದು ಓದುತ್ತಾರೆ, ನಂಬಲೂಬಹುದು. ಅದಕ್ಕೇ ಆ ಸಾಲನ್ನು ನಾವು ಅಳಿಸಿದ್ದೇವೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಕಿರಿಕಿರಿಗೆ ಬಟನ್ ಸಾಕು. ಅಪಾಯಕ್ಕೆ ಸಾಲದು. ಅದನ್ನು ಯಾರಾದರೂ ಕೂತು ಓದಿ ತೆಗೆಯಲೇಬೇಕು, ಆ ಕೆಲಸಕ್ಕೆ ಸಂಬಳ ಕೊಡಲೇಬೇಕು.

ಕಮೆಂಟಿನಲ್ಲಿ ಬೈಸಿಕೊಳ್ಳುವವರ ಪಾಡು ಇನ್ನೂ ಬೇರೆ. ನೀವು ಕಣ್ಣು ಮುಚ್ಚಬಹುದು. ಆದರೆ ಲೇಖನದಲ್ಲಿ ಯಾರ ಫೋಟೊ ಬಂದಿದೆಯೋ, ಯಾರ ಹೆಸರಿನ ಕೆಳಗೆ ಹೊಲಸು ಬರೆದಿದ್ದಾರೋ, ಅವರು ಮುಚ್ಚಿಕೊಂಡರೆ ಏನು ಬಂತು? ಊರೆಲ್ಲ ಓದುತ್ತಿರುತ್ತದೆ. ದಿ ಗಾರ್ಡಿಯನ್ ಪತ್ರಿಕೆ 2016ರಲ್ಲಿ ತನ್ನ ಸೈಟಿಗೆ ಬಂದಿದ್ದ 7 ಕೋಟಿ ಕಮೆಂಟುಗಳನ್ನು ಜಾಲಾಡಿತು. ಅತಿ ಹೆಚ್ಚು ನಿಂದನೆ ಉಂಡ ಹತ್ತು ಲೇಖಕರಲ್ಲಿ ಎಂಟು ಮಂದಿ ಹೆಂಗಸರು. ಉಳಿದ ಇಬ್ಬರು ಕಪ್ಪು ವರ್ಣದ ಗಂಡಸರು. ಅತಿ ಕಡಿಮೆ ಬೈಸಿಕೊಂಡ ಹತ್ತು ಮಂದಿ? ಎಲ್ಲರೂ ಗಂಡಸರು. ಆ ಎಂಟು ಮಂದಿಗೆ 'ಮರೆಮಾಡುವ ಬಟನ್ ಇದೆಯಲ್ಲ' ಎಂದು ಹೇಳುವ ಮುಖ ನನಗಿಲ್ಲ.

ಸೈಟಿನವರು ಕೈ ತೊಳೆದುಕೊಂಡರೆ ಕೋರ್ಟು ಒಪ್ಪದೆಯೂ ಇರಬಹುದು. ಎಸ್ಟೋನಿಯಾದ ಡೆಲ್ಫಿ ಎಂಬ ಸುದ್ದಿ ಸೈಟು 2006ರಲ್ಲಿ ಒಂದು ಫೆರಿ ಕಂಪನಿಯ ಬಗ್ಗೆ ಲೇಖನ ಹಾಕಿತ್ತು. ಲೇಖನದ ಮೇಲೆ ಯಾರದೂ ತಕರಾರಿರಲಿಲ್ಲ. ಕೆಳಗೆ ಕಂಪನಿಯವರ ಮೇಲೆ ಬೆದರಿಕೆ, ಬೈಗುಳ ಬಿದ್ದಿದ್ದವು. ವಕೀಲರ ಪತ್ರ ಬಂದ ದಿನವೇ ಸೈಟು ಅವನ್ನು ತೆಗೆಯಿತು. ಆದರೆ ಅಷ್ಟರಲ್ಲಿ ಅವು ಸುಮಾರು ಆರು ವಾರ ಅಲ್ಲೇ ಇದ್ದವು. ಕೇಸು ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಯಿತು, 2015ರಲ್ಲಿ ಸೈಟು ಸೋತಿತು. ಪರಿಹಾರದ ಮೊತ್ತ ಬರೀ 320 ಯುರೋ. ಆದರೆ 'ಬರೆದವರು ನಾವಲ್ಲ' ಎಂಬ ಉತ್ತರ ಅಲ್ಲಿ ನಡೆಯಲಿಲ್ಲ. ಆರು ವಾರ ಯಾರೂ ನೋಡಲಿಲ್ಲ ಎಂಬುದೇ ಅದರಲ್ಲಿ ನನಗೆ ಭಯ ಹುಟ್ಟಿಸುವ ಭಾಗ. ಕಮೆಂಟುಗಳನ್ನು ಮುಚ್ಚಿಟ್ಟ ಮೇಲೆ ನಮ್ಮವರ ಕಣ್ಣಿಗೂ ಅವು ಬೀಳುವುದು ಕಡಿಮೆಯಾಗುತ್ತದೆ. ಹಾಗಾಗಿ ಓದುಗರಿಗೆ ಮುಚ್ಚಿದ್ದರೂ ನಮ್ಮ ಡೆಸ್ಕಿಗೆ ತೆರೆದೇ ಇರಬೇಕು ಎಂಬುದು ನನ್ನ ಷರತ್ತು.

ಇನ್ನೊಂದು ಆಕ್ಷೇಪ ಬರುತ್ತದೆ: ಲೇಖನದಲ್ಲಿ ತಪ್ಪಿದ್ದರೆ ಅದನ್ನು ತೋರಿಸುವವರು ಓದುಗರೇ, ಕಮೆಂಟು ಮುಚ್ಚಿದವರಿಗೆ ಆ ತಿದ್ದುಪಡಿ ಕಾಣುವುದೇ ಇಲ್ಲ ಎಂದು. ಮಾತು ಸರಿ. ಆದರೆ ತಿದ್ದುಪಡಿ ಇರಬೇಕಾದ ಜಾಗ ಕಮೆಂಟಲ್ಲ. ಓದುಗರು ಹೇಳಿದ್ದು ನಿಜವಾದರೆ ಲೇಖನವನ್ನೇ ತಿದ್ದಬೇಕು, ಮೇಲೆ 'ಇಂಥ ದಿನ ತಿದ್ದಲಾಗಿದೆ' ಎಂದು ಬರೆಯಬೇಕು. ಕೆಳಗೆ ನೂರ ಮೂವತ್ತನೇ ಕಮೆಂಟಿನಲ್ಲಿ ಸರಿ ಉತ್ತರ ಬಿದ್ದಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ಪತ್ರಿಕೆಯ ಲಕ್ಷಣವಲ್ಲ. ಆ ಎಂಜಿನಿಯರ್ ಬರೆಯುವಂಥ ಒಳ್ಳೆಯ ಟಿಪ್ಪಣಿ ಬಂದರೆ ಅದನ್ನೂ ಅವರ ಒಪ್ಪಿಗೆ ಪಡೆದು ಲೇಖನದ ಪಕ್ಕಕ್ಕೇ ತರಬೇಕು.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಕಮೆಂಟು ಬರೆಯುವವರು ಪುಟದಲ್ಲಿ ಜಾಸ್ತಿ ಹೊತ್ತು ಇರುತ್ತಾರೆ, ಉತ್ತರ ಬಂತಾ ಎಂದು ಮತ್ತೆ ಮತ್ತೆ ಬಂದು ನೋಡುತ್ತಾರೆ. ಪ್ರತಿ ಸಲ ಬಂದಾಗಲೂ ಜಾಹೀರಾತು ಕಾಣುತ್ತದೆ. ಜಾಹೀರಾತು ವಿಭಾಗದವರಿಗೆ ನನ್ನ ಯೋಜನೆ ಹಿಡಿಸಿಲ್ಲ, ಅದನ್ನು ಅವರು ನೇರವಾಗಿಯೇ ಹೇಳಿದ್ದಾರೆ. ನನ್ನ ಉತ್ತರ ಇಷ್ಟೇ: ಜಗಳ ನೋಡಲು ಬಂದವರಿಗಿಂತ ಲೇಖನ ಓದಲು ಬಂದವರು ಚಂದಾ ಕಟ್ಟುವ ಸಾಧ್ಯತೆ ಜಾಸ್ತಿ. ಇದು ನನ್ನ ನಂಬಿಕೆ. ಲೆಕ್ಕ ತೋರಿಸಿ ಎಂದರೆ ನನ್ನ ಹತ್ತಿರ ಇಲ್ಲ, ಅವರ ಹತ್ತಿರವೂ ಇಲ್ಲ.

ಹಾಗಾಗಿ ಹೊಸ ವ್ಯವಸ್ಥೆ ಬರುವವರೆಗೆ ನೀವು ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲವು ದಾರಿ ಹೇಳುತ್ತೇನೆ. ಐಫೋನ್ ಇದ್ದರೆ ಅದರ ಸಫಾರಿ ಬ್ರೌಸರಿನಲ್ಲಿ ರೀಡರ್ ಎಂಬ ಆಯ್ಕೆ ಇದೆ. ಒತ್ತಿದರೆ ಸಾಮಾನ್ಯವಾಗಿ ಲೇಖನ ಮತ್ತು ಚಿತ್ರ ಮಾತ್ರ ಉಳಿಯುತ್ತದೆ. ಫೈರ್‌ಫಾಕ್ಸ್ ಬ್ರೌಸರಿನಲ್ಲೂ ಇಂಥದ್ದೇ ಇದೆ. ಕಂಪ್ಯೂಟರಿನಲ್ಲಿ ಓದುವವರಾದರೆ 'ಶಟ್ ಅಪ್' ಎಂಬ ಉಚಿತ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಹಾಕಿಕೊಳ್ಳಿ, ಹೆಸರಿಗೆ ತಕ್ಕ ಹಾಗೆ ಅದರ ಕೆಲಸವೇ ಕಮೆಂಟುಗಳ ಬಾಯಿ ಮುಚ್ಚಿಸುವುದು. ಯಾವುದೋ ಒಂದು ಸೈಟಿನಲ್ಲಿ ಕಮೆಂಟು ಬೇಕು ಅನ್ನಿಸಿದರೆ ಅದರ ಗುಂಡಿ ಒತ್ತಿ ಅಲ್ಲಿಗೆ ಮಾತ್ರ ತೆರೆದುಕೊಳ್ಳಬಹುದು. ಆಂಡ್ರಾಯ್ಡ್ ಫೋನಾದರೆ ಫೈರ್‌ಫಾಕ್ಸ್ ಹಾಕಿ, ಅದರೊಳಗೆ 'ಯುಬ್ಲಾಕ್ ಒರಿಜಿನ್' ಎಂಬ ಎಕ್ಸ್‌ಟೆನ್ಷನ್ ಸೇರಿಸಿ. ಪುಟದ ಯಾವ ಭಾಗ ಬೇಡವೋ ಅದನ್ನು ಬೆರಳಿನಿಂದಲೇ ತೋರಿಸಿ ತೆಗೆಯಬಹುದು. ಅದು ನಮ್ಮ ಜಾಹೀರಾತುಗಳನ್ನೂ ತೆಗೆದುಬಿಡುತ್ತದೆ. ಜಾಹೀರಾತು ವಿಭಾಗದವರು ಈ ಪ್ಯಾರಾವನ್ನು ಕತ್ತರಿಸಬೇಕು ಎಂದು ಕೇಳಿದ್ದರು, ನಾನು ಬಿಟ್ಟಿಲ್ಲ.