ಮಂಡಿನೋವಿಗೆ ಬುಡಾಪೆಸ್ಟ್‌ವರೆಗೆ ಹೋಗಬೇಕಾ?

ಕಳೆದ ಸಂಚಿಕೆಯಲ್ಲಿ ಬಿಸಿನೀರಿನ ಬುಗ್ಗೆಗಳ ಮಾತು ಬಂದದ್ದೇ ತಡ, ಪ್ರಶ್ನೆಗಳು ಸಾಲುಗಟ್ಟಿವೆ. ಅರ್ಧಕ್ಕರ್ಧ ಮಂಡಿನೋವಿನವು. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 66 ವರ್ಷ. ಎರಡೂ ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಬಿಪಿ ಮಾತ್ರೆ ನುಂಗುತ್ತೇನೆ. ಮಗ ಬುಡಾಪೆಸ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ‘ಅಮ್ಮ, ಇಲ್ಲಿ ಬಿಸಿನೀರಿನ ಕೊಳಗಳಿವೆ, ಎರಡು ವಾರ ಬಂದು ಕೂತ್ಕೋ, ಮಂಡಿ ಸರಿ ಹೋಗುತ್ತೆ’ ಅಂತಾನೆ. ನಿಜಾನಾ? ಇನ್ನೊಂದು, ಅಲ್ಲಿ ಯಾವ ಬಟ್ಟೆ ಹಾಕ್ಕೋಬೇಕು? ಮಗನನ್ನು ಕೇಳೋಕೆ ನಾಚಿಕೆ.
– ಓದುಗರು, ಬಸವನಗುಡಿ

ಉತ್ತರ: ಸರಿ ಹೋಗುವುದಿಲ್ಲ ಅಮ್ಮ. ಆದರೆ ಹೋಗಿ ಬನ್ನಿ.

ಸವೆದ ಮಂಡಿಯ ಮೃದ್ವಸ್ಥಿಯನ್ನು, ಅಂದರೆ ಮೂಳೆ ತುದಿಯ ಮೆತ್ತೆಯನ್ನು, ಯಾವ ನೀರೂ ಮತ್ತೆ ಬೆಳೆಸುವುದಿಲ್ಲ. ನೋವು ಕಡಿಮೆಯಾಗುವುದು ಮಾತ್ರ ನಿಜ, ಅದಕ್ಕೆ ಕಾರಣಗಳೂ ತೀರಾ ಸರಳ. ಕುತ್ತಿಗೆವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈಭಾರದ ಹತ್ತನೇ ಒಂದು ಪಾಲಷ್ಟೆ. 60 ಕಿಲೋ ಇರುವವರು 6 ಕಿಲೋ ಆದಂತೆ. ಮೆಟ್ಟಿಲು ಹತ್ತುವಾಗ ‘ಅಯ್ಯೋ’ ಅನ್ನುವ ಮಂಡಿ ಅಲ್ಲಿ ಸಲೀಸಾಗಿ ಮಡಚುತ್ತದೆ. ಬಿಸಿಗೆ ರಕ್ತನಾಳ ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನೀರಿನ ಒತ್ತಡಕ್ಕೆ ಕಾಲಿನ ಬಾವು ಸ್ವಲ್ಪ ಇಳಿಯುತ್ತದೆ. ಜೊತೆಗೆ ಒಂದು ಗಂಟೆ ಯಾರೂ ನಿಮ್ಮನ್ನು ಕಾಫಿ ಕೇಳುವುದಿಲ್ಲ, ಗ್ಯಾಸ್ ಆರಿಸಿದ್ರಾ ಅಂತ ಕೂಗುವುದಿಲ್ಲ. ಇದನ್ನೂ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಖನಿಜಗಳ ವಿಷಯಕ್ಕೆ ಬಂದರೆ ಸ್ವಲ್ಪ ತಗಾದೆ ಇದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಗಂಧಕ ಎಲ್ಲ ಚರ್ಮದ ಮೂಲಕ ಮಂಡಿಗೆ ಇಳಿಯುತ್ತವೆ ಅಂತ ಹೇಳುವವರಿದ್ದಾರೆ, ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಬುಡಾಪೆಸ್ಟ್ ಇರುವ ಹಂಗೇರಿ ದೇಶದಲ್ಲೇ ನಲ್ಲಿ ನೀರನ್ನೂ ಅಷ್ಟೇ ಬಿಸಿ ಮಾಡಿ ಎರಡನ್ನೂ ಹೋಲಿಸಿ ನೋಡಿದ ಪರೀಕ್ಷೆಗಳಿವೆ. ಬುಗ್ಗೆಯ ನೀರಿಗೆ ಒಂದಿಷ್ಟು ಜಾಸ್ತಿ ಅಂಕ ಬಂದಿದೆ, ಆದರೆ ಅವೆಲ್ಲ ಕಡಿಮೆ ಜನರ ಮೇಲೆ ಮಾಡಿದ ಪರೀಕ್ಷೆಗಳು. ನನ್ನ ಪ್ರಕಾರ ದೊಡ್ಡ ಪಾಲು ಬಿಸಿಯದು, ನೀರಿನದು, ಬಿಡುವಿನದು. ಇನ್ನು ಒಂದು ಭಾನುವಾರ ಮುಳುಗಿ ಎದ್ದರೆ ಸಾಲದು. ಅಲ್ಲಿನ ಡಾಕ್ಟರುಗಳು ಬರೆದುಕೊಡುವುದೇ ಎರಡು ಮೂರು ವಾರದ ಸ್ನಾನ. ಮಗ ಎರಡು ವಾರ ಅಂದದ್ದರಲ್ಲಿ ಅರ್ಥ ಇದೆ.

ಬುಡಾಪೆಸ್ಟ್‌ನ ಸೆಚೆನಿ ಸ್ನಾನಗೃಹ 1913ರಲ್ಲಿ ಶುರುವಾದದ್ದು. ಹಳದಿ ಬಣ್ಣದ ದೊಡ್ಡ ಅರಮನೆಯಂಥ ಕಟ್ಟಡ, ನಡುವೆ ಬಯಲು ಕೊಳಗಳು. ಎದೆಮಟ್ಟದ ನೀರಿನಲ್ಲಿ ನಿಂತು ಚೆಸ್ ಆಡುವ ತಾತಂದಿರು ಅಲ್ಲಿ ಫೇಮಸ್ಸು. ಹೊರಗೆ ಕೊರೆಯುವ ಚಳಿ, ನೀರಿನ ಮೇಲೆ ಹಬೆ, ಹಬೆಯ ನಡುವೆ ಒಂದು ಕೈ ಬಂದು ಕುದುರೆ ಕಾಯನ್ನು ಎತ್ತಿಡುತ್ತದೆ. ಅವಸರ ಯಾರಿಗೂ ಇಲ್ಲ.

ಈಗ ಬಿಪಿ. ಇದನ್ನು ಮಗನಿಗೂ ಓದಿ ಹೇಳಿ. ಬಿಸಿನೀರಿಗೆ ಬಿಪಿ ತಾನಾಗಿಯೇ ಇಳಿಯುತ್ತದೆ, ಮಾತ್ರೆಯೂ ಇಳಿಸುತ್ತದೆ, ಎರಡೂ ಸೇರಿದರೆ ಕೊಳದಿಂದ ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಕಲ್ಲಿನ ನೆಲದ ಮೇಲೆ ಬಿದ್ದರೆ ಮಂಡಿ ಜೊತೆ ಸೊಂಟವೂ ಹೋಯಿತು. 36ರಿಂದ 38 ಡಿಗ್ರಿಯ ಕೊಳ ಸಾಕು, 40ರ ಹತ್ತಿರ ಹೋಗಬೇಡಿ. ಒಂದು ಸಲಕ್ಕೆ 15–20 ನಿಮಿಷ. ಏಳುವಾಗ ಮೊದಲು ಮೆಟ್ಟಿಲ ಮೇಲೆ ಕೂತು, ಎರಡು ನಿಮಿಷ ಬಿಟ್ಟು ನಿಧಾನಕ್ಕೆ ಎದ್ದು ಕಂಬಿ ಹಿಡಿದು ಬನ್ನಿ. ಹೊಟ್ಟೆ ತುಂಬ ಊಟ ಮಾಡಿ ಇಳಿಯಬೇಡಿ, ಕುಡಿಯುವ ನೀರಿನ ಬಾಟಲಿ ಕೈಗೆ ಸಿಗುವ ಹಾಗೆ ಇರಲಿ. ಮಂಡಿ ಕೆಂಪಾಗಿ ಊದಿಕೊಂಡು ಬಿಸಿಬಿಸಿ ಇದ್ದ ದಿನ ಬಿಸಿನೀರು ಬೇಡವೇ ಬೇಡ. ಹೊರಡುವ ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರನ್ನೇ ಒಂದು ಮಾತು ಕೇಳಿ. ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಹೇಗಿದ್ದರೂ ಮಾಡಿಸಲೇಬೇಕು, ಆದರೆ ಹಳೇ ಕಾಯಿಲೆಗೆ ಅದು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಆ ಸಣ್ಣಕ್ಷರದ ಪುಟವನ್ನು ಮಗನ ಕೈಲೇ ಓದಿಸಿ.

ಬಟ್ಟೆ: ಈಜುಡುಗೆ ಬೇಕು, ಹತ್ತಿ ಚೂಡಿದಾರ್ ನಡೆಯುವುದಿಲ್ಲ. ತೋಳು, ತೊಡೆ ಮುಚ್ಚಿ ಮೊಣಕಾಲವರೆಗೆ ಬರುವ ಈಜುಡುಗೆ ನಮ್ಮ ಬೆಂಗಳೂರಿನ ಸ್ಪೋರ್ಟ್ಸ್ ಅಂಗಡಿಗಳಲ್ಲೇ ಸಿಗುತ್ತದೆ, ಇಲ್ಲೇ ತೊಟ್ಟು ನೋಡಿ ತಗೊಂಡು ಹೋಗಿ. ಜಾರದ ಚಪ್ಪಲಿಯೂ ಇರಲಿ. ನಾಚಿಕೆ ಮೊದಲ ಐದು ನಿಮಿಷ ಅಷ್ಟೆ. ಅಲ್ಲಿ ನಿಮ್ಮ ವಯಸ್ಸಿನವರೂ ಇರುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ.

ಪ್ರಶ್ನೆ: ಅಷ್ಟು ದೂರ ಯಾರು ಹೋಗ್ತಾರೆ? ಬೆಂಗಳೂರಿನ ಸುತ್ತಮುತ್ತ ಇಂಥದ್ದು ಯಾಕಿಲ್ಲ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬೋರ್‌ವೆಲ್ ಅಂತೂ ಸಾವಿರದೈನೂರು ಅಡಿ ಹೋಗಿದೆ!
– ಓದುಗರು, ಯಲಹಂಕ

ಉತ್ತರ: ನಿಮ್ಮ ಬೋರ್‌ನಲ್ಲಿ ಬಿಸಿ ಹಾಗಿರಲಿ, ನೀರು ಬಂದರೇ ಪುಣ್ಯ ಅಲ್ವಾ.

ಕಾರಣ ನಮ್ಮ ಕಾಲ ಕೆಳಗಿನ ಬಂಡೆ. ಲಾಲ್‌ಬಾಗ್‌ನ ಬಂಡೆ ಮೇಲೆ ಕೂತು ಕಡಲೆಕಾಯಿ ತಿಂದಿರುತ್ತೀರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇಷ್ಟು ಹಳೆಯ, ದಪ್ಪನೆಯ ನೆಲದಲ್ಲಿ ಒಳಗಿನ ಬಿಸಿ ಮೇಲೆ ಬರುವುದು ಬಹಳ ನಿಧಾನ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ 60 ಡಿಗ್ರಿ ದಾಟಬೇಕಾದರೆ ಮೂರು ಕಿಲೋಮೀಟರ್ ಆಳಕ್ಕೆ ಇಳಿಯಬೇಕಿತ್ತು. ಬುಡಾಪೆಸ್ಟ್‌ನಲ್ಲಿ ಸೆಚೆನಿಯ ಮೊದಲ ಬಾವಿ ಬರೀ 970 ಮೀಟರ್, ನೀರು 74 ಡಿಗ್ರಿ. ಅಲ್ಲಿ ಭೂಮಿಯ ಹೊರಪದರ ತೆಳು. ಕೆಳಗೆ ಸುಣ್ಣಕಲ್ಲು, ಅದರ ಬಿರುಕುಗಳಲ್ಲಿ ನೀರು ಆಳಕ್ಕಿಳಿದು ಕಾದು ಮೇಲೆ ಬರುತ್ತದೆ. ನಮಗೆ ಆ ಭಾಗ್ಯ ಇಲ್ಲ. ಭೂಕಂಪದ ಕಾಟ ಅಷ್ಟಾಗಿ ಇಲ್ಲದಿರುವುದೂ ಇದೇ ಗಟ್ಟಿ ಬಂಡೆಯ ದೆಸೆಯಿಂದ, ಹಾಗಾಗಿ ಗೊಣಗಬೇಡಿ.

ಕರ್ನಾಟಕದಲ್ಲಿ ಹೇಳಿಕೊಳ್ಳುವಂಥದ್ದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥ. ಗಂಧಕದ ವಾಸನೆಯ ನೀರು, ಹದವಾದ ಬಿಸಿ, ಚರ್ಮದ ತೊಂದರೆಗೆ ಒಳ್ಳೆಯದು ಅಂತ ಊರವರ ನಂಬಿಕೆ. ಸ್ಪಾ ಥರದ ಏರ್ಪಾಡು ನಿರೀಕ್ಷಿಸಬೇಡಿ. ನೀರಿನ ಸ್ಥಿತಿ ಹೇಗಿದೆ ಅಂತ ಪುತ್ತೂರಿನ ಕಡೆಯವರನ್ನು ವಿಚಾರಿಸಿಕೊಂಡೇ ಹೊರಡಿ, ಸುಮ್ನೆ ರಾತ್ರಿ ಬಸ್ಸು ಹತ್ತಬೇಡಿ. ಇನ್ನೂ ಮೇಲೆ ಹೋದರೆ ಕೊಂಕಣ ಕರಾವಳಿ ಉದ್ದಕ್ಕೂ ಬುಗ್ಗೆಗಳ ಸಾಲೇ ಇದೆ, ಮುಂಬೈ ಹತ್ತಿರದ ವಜ್ರೇಶ್ವರಿ, ಗಣೇಶಪುರಿ ಅದರಲ್ಲಿ ಹೆಸರುವಾಸಿ. ಹಿಮಾಲಯದ ಕಡೆ ಹೋಗುವವರಿಗೆ ಮನಾಲಿ ಪಕ್ಕದ ವಶಿಷ್ಠ ಇದೆ, ಮಣಿಕರ್ಣ ಇದೆ. ಮಣಿಕರ್ಣದಲ್ಲಿ ಬುಗ್ಗೆಯ ಬಾಯಲ್ಲಿ ನೀರು ಕುದಿಯುತ್ತಿರುತ್ತದೆ, ಗುರುದ್ವಾರದಲ್ಲಿ ಎಲ್ಲರಿಗೂ ಹಾಕುವ ಊಟಕ್ಕೆ (ಲಂಗರ್) ಅಕ್ಕಿ ಬೇಯುವುದೇ ಅದರಲ್ಲಿ. ಸ್ನಾನದ ಕುಂಡ ಬೇರೆ, ಅಡುಗೆಯ ಕುಂಡ ಬೇರೆ. ಮಕ್ಕಳ ಕೈ ಬಿಡಬೇಡಿ.

ಪ್ರಶ್ನೆ: ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಅಂತ ಸುದ್ದಿ ನೋಡಿ ಭಯ ಆಗಿದೆ. ಬಿಸಿನೀರಿನ ಕೊಳದಲ್ಲೂ ಅದು ಇರುತ್ತಾ?
– ಓದುಗರು, ರಾಜಾಜಿನಗರ

ಉತ್ತರ: ಇರಬಹುದು. ಆ ಅಮೀಬಾಗೆ ಬೆಚ್ಚಗಿನ ಸಿಹಿನೀರು ಅಂದರೆ ಇಷ್ಟ, 45 ಡಿಗ್ರಿ ಆಸುಪಾಸಿನವರೆಗೂ ತಡೆದುಕೊಳ್ಳುತ್ತದೆ. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ರೋಮನ್ನರ ಕಾಲದಿಂದ ಜನ ಸ್ನಾನ ಮಾಡುತ್ತಿದ್ದ ಬುಗ್ಗೆಯ ನೀರಿನಲ್ಲಿ ಈಜಿದ ಒಬ್ಬ ಹುಡುಗಿ 1978ರಲ್ಲಿ ಇದರಿಂದಲೇ ತೀರಿಕೊಂಡಳು. ಕೊಳ ಮುಚ್ಚಿದರು. ಹೊಸ ಬಾವಿ ಕೊರೆದು, ನೀರು ಶುದ್ಧ ಮಾಡಿ, ಹೊಸ ಸ್ಪಾ ತೆರೆಯುವಷ್ಟರಲ್ಲಿ 2006 ಆಗಿತ್ತು. ರೋಮನ್ನರ ದೊಡ್ಡ ಕೊಳಕ್ಕೆ ಇವತ್ತಿಗೂ ಯಾರೂ ಇಳಿಯುವಂತಿಲ್ಲ, ಹಸಿರು ನೀರನ್ನು ನೋಡಿಕೊಂಡು ಬರಬೇಕಷ್ಟೆ.

ಹಾಗಂತ ಹೆದರಿ ಕೂರಬೇಡಿ. ಇದು ಬಹಳ ಅಪರೂಪದ ಕಾಯಿಲೆ. ಚರ್ಮದಿಂದ ಬರುವುದಿಲ್ಲ, ನೀರು ಬಾಯಿಗೆ ಹೋದರೂ ಬರುವುದಿಲ್ಲ. ಮೂಗಿಗೆ ರಭಸವಾಗಿ ನುಗ್ಗಿದ ನೀರಿನಿಂದ ಬರುತ್ತದೆ. ಹಾಗಾಗಿ ಸಹಜ ಬುಗ್ಗೆಯಲ್ಲಿ ತಲೆ ಮುಳುಗಿಸಬೇಡಿ, ಧುಮುಕಬೇಡಿ. ನ್ಯೂಜಿಲೆಂಡ್‌ನ ಬಿಸಿ ಕೊಳಗಳ ಪಕ್ಕ ಬೋರ್ಡೇ ಹಾಕಿರುತ್ತಾರೆ, ತಲೆ ನೀರಿನ ಮೇಲಿರಲಿ ಅಂತ. ತೀರ್ಥ ಅಂದಮೇಲೆ ಮೂರು ಮುಳುಗು ಹಾಕಲೇಬೇಕು ಅನ್ನುವ ಮನೆ ಹಿರಿಯರಿಗೆ ಚೊಂಬಿನಲ್ಲಿ ಹೆಗಲಿಗೆ ಹುಯ್ದುಕೊಳ್ಳೋಕೆ ಹೇಳಿ, ಪುಣ್ಯ ಏನೂ ಕಡಿಮೆ ಆಗಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಬಹಳ ವರ್ಷದಿಂದ ಶುಗರ್. ಪಾದ ಜೋಮು ಹಿಡಿದ ಹಾಗೆ ಇರುತ್ತದೆ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದು ಅಭ್ಯಾಸ. ಒಳ್ಳೆಯದೇ ಅಲ್ವಾ?
– ಓದುಗರು, ವಿಜಯನಗರ

ಉತ್ತರ: ಅವರ ಮಟ್ಟಿಗೆ ಒಳ್ಳೆಯದಲ್ಲಮ್ಮ, ನಿಲ್ಲಿಸಿ. ಸ್ಪರ್ಶವೇ ಸರಿಯಾಗಿ ಗೊತ್ತಾಗದ ಪಾದಕ್ಕೆ ನೀರು ಸುಡುವುದೂ ಗೊತ್ತಾಗುವುದಿಲ್ಲ. ‘ಇನ್ನೂ ಸ್ವಲ್ಪ ಬಿಸಿ ಹಾಕು’ ಅಂತಲೇ ಇರುತ್ತಾರೆ. ಬೊಬ್ಬೆ ಎದ್ದು, ಹುಣ್ಣಾಗಿ, ವಾಸಿಯಾಗದೆ ಬೆರಳು ತೆಗೆಯುವ ಹಂತಕ್ಕೆ ಹೋದ ಕಥೆಗಳು ಯಾವ ಆಸ್ಪತ್ರೆಯಲ್ಲಿ ಕೇಳಿದರೂ ಸಿಗುತ್ತವೆ. ನೆನೆದ ಚರ್ಮ ಬಿರುಕೂ ಬಿಡುತ್ತದೆ. ದಿನದ ಸ್ನಾನದ ನೀರನ್ನೂ ನೀವೇ ಮೊಣಕೈ ಅದ್ದಿ ನೋಡಿ ಕೊಡಿ. ಬೆರಳ ಸಂದಿ ಒರೆಸಿ ಒಣಗಿಸಿ, ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ಒಮ್ಮೆ ನೋಡಿ. ಬುಗ್ಗೆಗೆ ಕರೆದುಕೊಂಡು ಹೋದರೂ ಬರಿಗಾಲಲ್ಲಿ ಓಡಾಡಲು ಬಿಡಬೇಡಿ.

ಪ್ರಶ್ನೆ: ಹತ್ತಿರದ ಮಾಲ್‌ನಲ್ಲಿ ‘ಥರ್ಮಲ್ ಸ್ಪಾ’ ಅಂತ ಬೋರ್ಡ್ ಇದೆ. ನೀರು ಎಲ್ಲಿಂದ ಬರುತ್ತೆ ಅಕ್ಕ?
– ಓದುಗರು, ವೈಟ್‌ಫೀಲ್ಡ್

ಉತ್ತರ: ಟ್ಯಾಂಕರ್‌ನಿಂದ ಇರಬಹುದು. ತಮಾಷೆ ಬಿಡಿ, ಬೆಂಗಳೂರಿನಲ್ಲಿ ನೆಲದಿಂದ ಬಿಸಿಯಾಗಿ ಬರುವ ನೀರು ಇಲ್ಲ, ಎಲ್ಲಾ ಕಾಯಿಸಿದ್ದೇ. ಜಪಾನಿನಲ್ಲಿ 1948ರ ಕಾನೂನೇ ಇದೆ: ಬುಗ್ಗೆಯ ಬಾಯಲ್ಲಿ ನೀರು 25 ಡಿಗ್ರಿಯಾದರೂ ಇರಬೇಕು, ಇಲ್ಲವೇ ಪಟ್ಟಿ ಮಾಡಿದ ಖನಿಜಗಳಲ್ಲಿ ಒಂದಾದರೂ ಸಾಕಷ್ಟಿರಬೇಕು, ಆಗ ಮಾತ್ರ ಅದು ಒನ್ಸೆನ್, ಅಂದರೆ ಅವರ ಬಿಸಿನೀರಿನ ಬುಗ್ಗೆ. ನಮ್ಮಲ್ಲಿ ಬೋರ್ಡ್ ಬರೆಸಿದರೆ ಮುಗಿಯಿತು. ಕಾಯಿಸಿದ ನೀರೂ ಸುಖವೇ, ಸುಸ್ತು ಕಳೆಯೋಕೆ ಧಾರಾಳವಾಗಿ ಹೋಗಿ. ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ, ಕ್ಲೋರಿನ್ ಅಳೆಯುತ್ತಾರಾ ಅಂತ ಮಾತ್ರ ಕೇಳಿ. ಉತ್ತರ ತಡವರಿಸಿದರೆ ಆ ದುಡ್ಡಿಗೆ ಎಳ್ಳೆಣ್ಣೆ ತಂದು ಮನೇಲಿ ಅಭ್ಯಂಜನ ಮಾಡಿಕೊಳ್ಳಿ. ಎಣ್ಣೆ ಬಿದ್ದ ಬಚ್ಚಲ ನೆಲವನ್ನು ಸೋಪು ಹಾಕಿ ತೊಳೆದೇ ಹೊರಗೆ ಬನ್ನಿ.

ಪ್ರಶ್ನೆ: ವಶಿಷ್ಠದ ಬುಗ್ಗೆಯಲ್ಲಿ ಸ್ನಾನ ಮಾಡಿ ಬಂದೆ. ಕಾಲುಂಗುರ ಕಪ್ಪಾಗಿದೆ! ಅತ್ತೆ ಅಪಶಕುನ ಅಂತಿದ್ದಾರೆ.
– ಓದುಗರು, ಮಲ್ಲೇಶ್ವರ

ಉತ್ತರ: ಅಪಶಕುನ ಅಲ್ಲ, ಗಂಧಕ. ಆ ಕೊಳೆತ ಮೊಟ್ಟೆಯ ವಾಸನೆ ಇತ್ತಲ್ಲ, ಅದೇ ಬೆಳ್ಳಿಯ ಮೇಲೆ ಕೂತು ಕಪ್ಪು ಪದರ ಆಗಿದೆ. ಪಾತ್ರೆಯೊಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು ಹುಯ್ದು, ಒಂದು ಚಮಚ ಅಡುಗೆ ಸೋಡಾ ಹಾಕಿ, ಕಾಲುಂಗುರ ಫಾಯಿಲ್‌ಗೆ ತಾಗುವ ಹಾಗೆ ಬಿಡಿ. ಕೆಲವೇ ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಹರಳು, ಮುತ್ತು ಕೂರಿಸಿದ್ದಾದರೆ ಹೀಗೆ ಮಾಡಬೇಡಿ, ಅಂಗಡಿಗೇ ಕೊಡಿ. ಅತ್ತೆಯವರ ಎದುರೇ ಮಾಡಿ ತೋರಿಸಿ.