ಶಾಟ್‌ಗನ್ನೋ, ಗನ್‌ಬೋಟ್ಸೋ? ಸೋಲ್ಜರ್‌ನ ಎರಡನೇ ಜಾಗದ ಪ್ರಶ್ನೆ

ಪ್ರಶ್ನೆ: ಎರಡು ತಂಡಗಳು ಕಾದಾಡುವ ವಿಡಿಯೋ ಗೇಮ್ ಟೀಮ್ ಫೋರ್ಟ್ರೆಸ್ 2ರಲ್ಲಿ ಮೂರು ವರ್ಷ ಸಾರ್ವಜನಿಕ ಸರ್ವರ್‌ಗಳಲ್ಲಿ ರಾಕೆಟ್ ಹಾರಿಸುವ ಸೋಲ್ಜರ್ ಕ್ಲಾಸ್ (ಪಾತ್ರ) ಆಡಿದ್ದೇನೆ. ಈಗ ಗೆಳೆಯರೊಂದಿಗೆ ಆರು ಜನರ ತಂಡ ಕಟ್ಟಿ ಲೀಗ್‌ಗೆ ಸೇರಿದ್ದೇನೆ. ನನ್ನ ಲೋಡ್‌ಔಟ್, ಅಂದರೆ ಆರಿಸಿಕೊಂಡ ಮೂರು ಆಯುಧಗಳು: ಡೈರೆಕ್ಟ್ ಹಿಟ್ ಲಾಂಚರ್, ಎರಡನೇ ಜಾಗದಲ್ಲಿ ಶಾಟ್‌ಗನ್, ಕೈಕಾಳಗಕ್ಕೆ ಮಾರ್ಕೆಟ್ ಗಾರ್ಡನರ್. ಇದುವರೆಗಿನ ನಾಲ್ಕು ಪಂದ್ಯಗಳಲ್ಲೂ ಮಿಡ್ (ನಕ್ಷೆಯ ನಡುವಿನ ಪಾಯಿಂಟ್) ಕಾಳಗದಲ್ಲಿ ಮೊದಲು ಸತ್ತವನು ನಾನೇ. ತಂಡದವರು ಗನ್‌ಬೋಟ್ಸ್ ಹಾಕಿಕೋ ಎನ್ನುತ್ತಾರೆ. ಗುಂಡು ಹಾರಿಸದ ಬೂಟಿಗಾಗಿ ಒಂದು ಬಂದೂಕನ್ನೇ ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲ. ಯಾವುದು ಸರಿ?

ಉತ್ತರ: ನೀವು ಪಾಕೆಟ್ ಆಡುತ್ತೀರೋ ರೋಮರ್ ಆಡುತ್ತೀರೋ ಎಂದು ಬರೆದಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಆರು ಜನರ ಆಟದಲ್ಲಿ ರೂಢಿಯ ತಂಡವೆಂದರೆ ವೇಗವಾಗಿ ಓಡುವ ಇಬ್ಬರು ಸ್ಕೌಟ್, ಇಬ್ಬರು ಸೋಲ್ಜರ್, ಬಾಂಬ್ ಹಾಕುವ ಒಬ್ಬ ಡೆಮೋಮ್ಯಾನ್, ಆರೈಕೆ ಮಾಡುವ ಒಬ್ಬ ಮೆಡಿಕ್. ಸೋಲ್ಜರ್‌ಗಳಿಬ್ಬರ ಕೈಯಲ್ಲೂ ಒಂದೇ ರಾಕೆಟ್ ಲಾಂಚರ್, ಇಬ್ಬರಿಗೂ 200 ಹೆಲ್ತ್. ಆದರೆ ಕೆಲಸ ಬೇರೆ ಬೇರೆ. ಪಾಕೆಟ್ ಮೆಡಿಕ್‌ನ ಪಕ್ಕದಲ್ಲೇ ಇದ್ದು ಅವನನ್ನು ಕಾಯುತ್ತಾನೆ, ಪ್ರತಿಯಾಗಿ ಅವನ ಆರೈಕೆಯ ಬಹುಪಾಲನ್ನು ಪಡೆಯುತ್ತಾನೆ. ರೋಮರ್‌ಗೆ ಆ ಭಾಗ್ಯ ಇಲ್ಲ. ಅವನು ಬದಿಯಿಂದ, ಮೇಲಿನಿಂದ, ಎದುರಾಳಿ ನಿರೀಕ್ಷಿಸದ ಮೂಲೆಯಿಂದ ನುಗ್ಗಬೇಕು. ಹೋದಲ್ಲಿ ತನ್ನ ಹೆಲ್ತ್ ತಾನೇ ನೋಡಿಕೊಳ್ಳಬೇಕು.

ಈಗ ಮಿಡ್‌ಗೆ ಹೋಗುವ ದಾರಿಯ ಲೆಕ್ಕ ಹಾಕೋಣ. ತನ್ನದೇ ರಾಕೆಟ್‌ನ ಸಿಡಿತದಿಂದ ಹಾರುವ ಒಂದು ರಾಕೆಟ್ ಜಿಗಿತಕ್ಕೆ ಸುಮಾರು 40 ಹೆಲ್ತ್ ಖರ್ಚಾಗುತ್ತದೆ. ಗನ್‌ಬೋಟ್ಸ್ ಆ ಖರ್ಚನ್ನು ಶೇಕಡಾ 60ರಷ್ಟು ಇಳಿಸುತ್ತದೆ, ಅಂದರೆ ಜಿಗಿತಕ್ಕೆ 16. ಮೂರು ಜಿಗಿತಗಳಲ್ಲಿ ಮಿಡ್ ತಲುಪಿದಿರಿ ಎಂದುಕೊಳ್ಳಿ, ದಾರಿಯಲ್ಲಿ ಯಾರೂ ಆರೈಕೆ ಮಾಡಲಿಲ್ಲ. ಶಾಟ್‌ಗನ್ ಹೊತ್ತು ಬಂದವರು 80 ಹೆಲ್ತ್‌ನಲ್ಲಿ ಇಳಿಯುತ್ತೀರಿ, ಗನ್‌ಬೋಟ್ಸ್ ಹಾಕಿದವರು ಸುಮಾರು 150ರಲ್ಲಿ. ಎದುರಿನಿಂದ ಓಡಿಬರುವ ಸ್ಕೌಟ್‌ನ ಸ್ಕ್ಯಾಟರ್‌ಗನ್ ಮುಖಕ್ಕೆ ಮುಖ ಕೊಟ್ಟಾಗ ಒಂದೇ ಹೊಡೆತಕ್ಕೆ 100 ದಾಟಿಸುತ್ತದೆ. 80 ಇದ್ದವರು ಆ ಒಂದೇ ಹೊಡೆತಕ್ಕೆ ಉರುಳುತ್ತೀರಿ. 150 ಇದ್ದವರ ಮೇಲೆ ಅವನು ಎರಡನೆಯದನ್ನು ಹಾರಿಸಲೇಬೇಕು. ಆ ಎರಡು ಹೊಡೆತಗಳ ನಡುವಿನ ಕ್ಷಣದಲ್ಲಿ ನಿಮ್ಮ ರಾಕೆಟ್ ಅವನ ಕಾಲಬುಡದಲ್ಲಿ ಸಿಡಿದಿರುತ್ತದೆ. ನೀವು ನಾಲ್ಕು ಪಂದ್ಯಗಳಲ್ಲಿ ಕಳೆದುಕೊಂಡದ್ದು ಆ ಕ್ಷಣವನ್ನೇ ಎಂದು ನನ್ನ ಅಂದಾಜು.

ಹಾಗಾಗಿ ನೀವು ರೋಮರ್ ಆಗಿದ್ದರೆ ತಂಡದವರ ಮಾತು ಕೇಳಿ, ಇಂದೇ ಗನ್‌ಬೋಟ್ಸ್ ಹಾಕಿಕೊಳ್ಳಿ. ಅದು ಗುಂಡು ಹಾರಿಸುವುದಿಲ್ಲ, ನಿಜ. ಆದರೆ ಅದು ಉಳಿಸಿಕೊಡುವ ಒಂದೊಂದು ಜಿಗಿತವೂ ನಿಮ್ಮ ಪಾಲಿಗೆ ಆಯುಧವೇ. ಎದುರಾಳಿ ಮೆಡಿಕ್‌ನ ತಲೆಯ ಮೇಲೆ ಹೋಗಿ ಇಳಿಯುವುದು, ತಪ್ಪಿದರೆ ಅಲ್ಲಿಂದಲೇ ಇನ್ನೊಮ್ಮೆ ಹಾರಿ ಹೊರಬರುವುದು, ಎರಡಕ್ಕೂ ಹೆಲ್ತ್ ಬೇಕು.

ಪಾಕೆಟ್ ಆಗಿದ್ದರೆ ಮಾತು ಬೇರೆ, ಅಲ್ಲಿ ನಾನು ಶಾಟ್‌ಗನ್ ಪರ. ಪಾಕೆಟ್‌ಗೆ ದಾರಿಯುದ್ದಕ್ಕೂ ಮೆಡಿಗನ್‌ನ (ಮೆಡಿಕ್ ಆರೈಕೆ ಮಾಡುವ ಸಾಧನ) ಕಿರಣ ಇರುತ್ತದೆ. ಓವರ್‌ಹೀಲ್ (ಸಾಮಾನ್ಯ ಮಿತಿ ಮೀರಿ ಸಿಗುವ ಹೆಲ್ತ್) ಸೇರಿ 300 ಹೆಲ್ತ್‌ವರೆಗೆ ತುಂಬಿಕೊಳ್ಳಬಹುದು. ಜಿಗಿತದ ಖರ್ಚು ಅವನಿಗೆ ದೊಡ್ಡ ಹೊರೆಯಲ್ಲ. ಅವನ ತಲೆನೋವು ಮೆಡಿಕ್‌ನ ಸುತ್ತ ಗಿರಕಿ ಹೊಡೆಯುವ ಸ್ಕೌಟ್. ಲಾಂಚರ್‌ನಲ್ಲಿ ಇರುವುದೇ ನಾಲ್ಕು ರಾಕೆಟ್. ನಾಲ್ಕನೆಯದು ಹೊರಟ ಮೇಲೆ ಮೊದಲ ರಾಕೆಟ್ ತುಂಬಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಸ್ಕೌಟ್ ಕಾಯುತ್ತಿರುವುದೇ ಆ ಸೆಕೆಂಡಿಗಾಗಿ, ಚೆನ್ನಾಗಿ ಆಡುವವರು ನಿಮ್ಮ ರಾಕೆಟ್‌ಗಳನ್ನು ಮನಸ್ಸಿನಲ್ಲೇ ಎಣಿಸುತ್ತಿರುತ್ತಾರೆ. ಆಗ ಶಾಟ್‌ಗನ್ ಕೈಗೆ ಬಂದರೆ ಇನ್ನೂ ಆರು ಗುಂಡು ನಿಮ್ಮ ಬಳಿ ಉಂಟು, ಅದೂ ಗುರಿಯಿಟ್ಟ ಕ್ಷಣಕ್ಕೇ ತಾಗುವಂಥವು. ರಾಕೆಟ್ ಸಿಡಿದು ಸ್ಕೌಟ್ ಗಾಳಿಗೆ ಎಸೆಯಲ್ಪಟ್ಟಾಗ ಅವನಿಗೆ ದಿಕ್ಕು ಬದಲಿಸುವುದು ಕಷ್ಟ. 125 ಹೆಲ್ತ್‌ನವನು ಒಂದು ರಾಕೆಟ್ ತಿಂದ ಮೇಲೆ ಒಂದೇ ಒಳ್ಳೆಯ ಶಾಟ್‌ಗನ್ ಹೊಡೆತಕ್ಕೆ ಮುಗಿಯುತ್ತಾನೆ.

ನಿಮ್ಮ ಉಳಿದ ಎರಡು ಆಯ್ಕೆಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದಿರಲಾರೆ. ಡೈರೆಕ್ಟ್ ಹಿಟ್ ಬಿಡಿ. ಶೇಕಡಾ 25 ಹೆಚ್ಚು ಪೆಟ್ಟು, 80 ಹೆಚ್ಚು ವೇಗ ಎಂಬ ಅಂಕಿಗಳು ಕಣ್ಣು ಸೆಳೆಯುತ್ತವೆ. ಕೆಳಗಿನ ಸಾಲನ್ನೂ ಓದಿ: ಸ್ಫೋಟದ ವ್ಯಾಪ್ತಿ ಶೇಕಡಾ 70 ಕಡಿಮೆ. ಸಾರ್ವಜನಿಕ ಸರ್ವರ್‌ನಲ್ಲಿ ಎದುರಾಳಿ ನೇರ ನಡೆದು ಬರುತ್ತಾನೆ, ನೇರ ತಾಗುತ್ತದೆ. ಲೀಗ್‌ನಲ್ಲಿ ಯಾರೂ ಹಾಗೆ ಬರುವುದಿಲ್ಲ. ಅಲ್ಲಿ ಸೋಲ್ಜರ್‌ನ ಅನ್ನ ಹುಟ್ಟುವುದೇ ನೆಲಕ್ಕೆ, ಗೋಡೆಗೆ, ಬಾಗಿಲ ಚೌಕಟ್ಟಿಗೆ ಹೊಡೆದ ರಾಕೆಟ್‌ನ ಸಿಡಿತದಿಂದ. ಆಟದ ಜೊತೆಗೇ ಬರುವ ಸಾಮಾನ್ಯ ಲಾಂಚರ್‌ಗೆ ಮರಳಿ. ರಾಕೆಟ್ ಪರದೆಯ ನಡುವಿನಿಂದ ಹೊರಡುವುದು ಇಷ್ಟವಾದರೆ ಒರಿಜಿನಲ್ ಎಂಬ ಹೆಸರಿನ ಲಾಂಚರ್ ಹಿಡಿಯಿರಿ. ಮಾರ್ಕೆಟ್ ಗಾರ್ಡನರ್ ಬದಲು ಎಸ್ಕೇಪ್ ಪ್ಲಾನ್. ಗಾಯ ಹೆಚ್ಚಿದಷ್ಟೂ ಓಟ ಹೆಚ್ಚಿಸುವ ಗುದ್ದಲಿ ಅದು. ಅದನ್ನು ಹಿಡಿದಿರುವಾಗ ನಿಮಗೆ ಬೀಳುವ ಪೆಟ್ಟೂ ಹೆಚ್ಚು, ಮೆಡಿಕ್‌ನ ಆರೈಕೆಯೂ ಶೇಕಡಾ 90ರಷ್ಟು ತಗ್ಗುತ್ತದೆ. ಹಾಗಾಗಿ ಮೂಲೆ ದಾಟಿದ ಕೂಡಲೇ ಒಳಗಿಡಿ. ಪಾಕೆಟ್ ಆದರೆ ಡಿಸಿಪ್ಲಿನರಿ ಆ್ಯಕ್ಷನ್ ಕೂಡ ಚೆನ್ನ: ಮೆಡಿಕ್‌ನ ಬೆನ್ನಿಗೆ ಒಂದು ಚಾಟಿ ಬೀಸಿದರೆ ಇಬ್ಬರೂ ಕೆಲವು ಸೆಕೆಂಡು ಜೋರಾಗಿ ಓಡಬಹುದು.

ನನ್ನ ಮಾತನ್ನು ಸುಮ್ಮನೆ ನಂಬಬೇಡಿ. ಆ ನಾಲ್ಕು ಪಂದ್ಯಗಳ ರೆಕಾರ್ಡಿಂಗ್ ಇದ್ದರೆ ಕುಳಿತು ನೋಡಿ. ಕಾಗದದಲ್ಲಿ ಮೂರು ಅಂಕಣ ಎಳೆಯಿರಿ: ಸತ್ತಾಗ ಲಾಂಚರ್‌ನಲ್ಲಿ ಎಷ್ಟು ರಾಕೆಟ್ ಇತ್ತು, ಕಾಳಗಕ್ಕೆ ಇಳಿದಾಗ ಹೆಲ್ತ್ ಎಷ್ಟಿತ್ತು, ಕೊಂದವರು ಯಾವ ಕ್ಲಾಸ್. ಲಾಂಚರ್ ಖಾಲಿಯಾಗಿ ಸ್ಕೌಟ್ ಕೈಯಲ್ಲಿ ಸತ್ತ ಸಾಲುಗಳು ಹೆಚ್ಚಿದ್ದರೆ ನಿಮಗೆ ಶಾಟ್‌ಗನ್ ಬೇಕು. ರಾಕೆಟ್ ಇದ್ದೂ, 100ಕ್ಕಿಂತ ಕಡಿಮೆ ಹೆಲ್ತ್‌ನಲ್ಲಿ ಇಳಿದು ಸತ್ತ ಸಾಲುಗಳು ಹೆಚ್ಚಿದ್ದರೆ ಗನ್‌ಬೋಟ್ಸ್. ನಾನೂ ಒಂದು ಸೀಸನ್ ಪೂರ್ತಿ ಈ ಪಟ್ಟಿ ಬರೆದಿದ್ದೇನೆ. ಇಪ್ಪತ್ತು ಸಾವು ದಾಖಲಾಗುವ ಹೊತ್ತಿಗೆ ಯಾವ ಕಡೆ ವಾಲುತ್ತಿದೆ ಎಂದು ಕಣ್ಣಿಗೇ ಕಾಣುತ್ತಿತ್ತು.

ಇನ್ನೊಂದು ವಿಷಯ. ಪಂದ್ಯವಿಡೀ ಒಂದಕ್ಕೇ ಅಂಟಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಒಂದು ಕ್ಲಾಸ್‌ಗೆ ನಾಲ್ಕು ಲೋಡ್‌ಔಟ್ ಉಳಿಸಿಡಬಹುದು. ಮಿಡ್‌ಗೆ ಗನ್‌ಬೋಟ್ಸ್ ಹಾಕಿ ಹೋಗಿ. ಕೊನೆಯ ಪಾಯಿಂಟ್ ಕಾಯುವ ಪರಿಸ್ಥಿತಿ ಬಂದಾಗ ಜಿಗಿಯುವ ಅಗತ್ಯ ಕಡಿಮೆ, ಬಾಗಿಲಲ್ಲಿ ನುಗ್ಗುವವರನ್ನು ಹೊಡೆಯುವ ಅಗತ್ಯ ಹೆಚ್ಚು. ಸತ್ತವರು ಮರಳಿ ಹುಟ್ಟುವ ಸ್ಪಾನ್ ಕೋಣೆ ಹತ್ತಿರದಲ್ಲೇ ಇರುತ್ತದೆ, ಅಲ್ಲಿನ ಆಯುಧದ ಕಪಾಟು ಮುಟ್ಟಿ ಶಾಟ್‌ಗನ್‌ಗೆ ಬದಲಾಯಿಸಿಕೊಳ್ಳಿ.

ಪ್ರಶ್ನೆ: ನಾನು ಮೆಡಿಕ್. ಜೊತೆಗಾರನಿಗೆ ಮೂರು ಪಟ್ಟು ಪೆಟ್ಟಿನ ಕ್ರಿಟ್ ಹೊಡೆತ ಕೊಡುವ ಮೆಡಿಗನ್, ಕ್ರಿಟ್ಸ್‌ಕ್ರೀಗ್ ಹಿಡಿದರೆ, ಆರೈಕೆ ಮಾಡುತ್ತಾ ತುಂಬುವ ಚಾರ್ಜ್ ಎದುರಾಳಿಗಿಂತ ಮೊದಲೇ ತುಂಬುತ್ತದೆ. ಹಾಗಿದ್ದೂ ನಮ್ಮ ನಾಯಕ ಯಾವಾಗಲೂ ಸಾಮಾನ್ಯ ಮೆಡಿಗನ್ನೇ ಇರಲಿ ಎನ್ನುತ್ತಾರೆ. ಅವರು ಅತಿ ಜಾಗ್ರತೆ ಮಾಡುತ್ತಿಲ್ಲವೇ?

ಉತ್ತರ: ಇಲ್ಲ. ಬಹುಪಾಲು ಸಂದರ್ಭಗಳಲ್ಲಿ ಅವರ ಮಾತೇ ಸರಿ.

ಗಾಯಗೊಂಡವರನ್ನು ಬಿಡದೆ ಆರೈಕೆ ಮಾಡಿದರೆ ಸಾಮಾನ್ಯ ಮೆಡಿಗನ್ 40 ಸೆಕೆಂಡಿನಲ್ಲಿ ತುಂಬುತ್ತದೆ, ಕ್ರಿಟ್ಸ್‌ಕ್ರೀಗ್ 32ರಲ್ಲಿ. ನಿಮಗೆ ಸಿಗುವ ಮೇಲುಗೈ ಈ 8 ಸೆಕೆಂಡಿನದು. ಅಷ್ಟರೊಳಗೆ ಡೆಮೋಮ್ಯಾನೋ ಸೋಲ್ಜರೋ ಜೀವಂತವಾಗಿ, ಆಯುಧ ತುಂಬಿಕೊಂಡು, ಎದುರಾಳಿ ಕಣ್ಣಿಗೆ ಕಾಣುವ ಜಾಗದಲ್ಲಿ ನಿಮ್ಮ ಪಕ್ಕ ಇರಬೇಕು. ಇದ್ದರೆ ಅದ್ಭುತ: ಕ್ರಿಟ್ ಆದ ಒಂದು ರಾಕೆಟ್ 270 ಪೆಟ್ಟು ಕೊಡುತ್ತದೆ, ಓವರ್‌ಹೀಲ್ ತುಂಬಿದ ಡೆಮೋಮ್ಯಾನ್ 260ಕ್ಕೇ ನಿಲ್ಲುತ್ತಾನೆ. ಆದರೆ ಗಡುವು ಮೀರಿದರೆ ಎದುರಾಳಿ ಮೆಡಿಕ್ ಊಬರ್ (ಯಾವ ಪೆಟ್ಟೂ ತಾಗದಂತೆ ಮಾಡುವ ಸಾಮಾನ್ಯ ಮೆಡಿಗನ್‌ನ ಚಾರ್ಜ್) ಹಾಕುತ್ತಾನೆ. ಮುಂದಿನ 8 ಸೆಕೆಂಡು ನಿಮ್ಮ ಕ್ರಿಟ್‌ಗಳು ಅವರ ಮೈಗೆ ತಾಗಿಯೂ ತಾಗದಂತೆ ಹೋಗುತ್ತವೆ, ಅವರು ನಿಮ್ಮನ್ನು ಸಾವಕಾಶವಾಗಿ ಮುಗಿಸುತ್ತಾರೆ. ಕ್ರಿಟ್ಸ್‌ಕ್ರೀಗ್ ಹಾಕಿದಾಗ ನಿಮ್ಮ 150 ಹೆಲ್ತ್‌ಗೆ ಯಾವ ರಕ್ಷಣೆಯೂ ಇಲ್ಲ ಎಂಬುದೂ ನೆನಪಿರಲಿ. ನಿಮ್ಮನ್ನು ಕೊಂದರೆ ಚಾರ್ಜ್ ಅಲ್ಲಿಗೇ ಮುಗಿಯಿತು.

ಅದನ್ನು ಹಿಡಿಯಬೇಕಾದ ಹೊತ್ತೂ ಬರುತ್ತದೆ. ಇಬ್ಬರು ಮೆಡಿಕ್‌ಗಳೂ ಒಂದೇ ಸಮಯಕ್ಕೆ ಸತ್ತು, ಎರಡೂ ಕಡೆ ಸೊನ್ನೆಯಿಂದ ಶುರುವಾದಾಗ ಆ 8 ಸೆಕೆಂಡಿಗೆ ನಿಜವಾದ ಬೆಲೆ ಬರುತ್ತದೆ. ಎದುರಾಳಿ ಊಬರ್ ಖರ್ಚು ಮಾಡಿ ಕೈ ಖಾಲಿ ಮಾಡಿಕೊಂಡಾಗಲೂ ಹಾಗೆಯೇ. ನಿರ್ಧಾರ ಸ್ಪಾನ್ ಕೋಣೆಯಲ್ಲೇ ಆಗಬೇಕು, ಏಕೆಂದರೆ ತುಂಬಿಕೊಂಡ ಮೇಲೆ ಮೆಡಿಗನ್ ಬದಲಿಸಿದರೆ ಚಾರ್ಜ್ ಕಳೆದುಹೋಗುತ್ತದೆ. ನಾಯಕರಿಗೆ "ಈ ಜೀವಕ್ಕೆ ಕ್ರಿಟ್ಸ್" ಎಂದು ಹೇಳಿ, ಅವರ ಒಪ್ಪಿಗೆ ಪಡೆದು ಹೊರಡಿ. ಹೇಳದೆ ಬದಲಿಸಿದರೆ ಇಡೀ ತಂಡ ಊಬರ್ ಇದೆಯೆಂದು ನಂಬಿ ನುಗ್ಗಿಬಿಡುತ್ತದೆ.

ಉಳಿದ ಎರಡು ಜಾಗಗಳ ಬಗ್ಗೆ ಚರ್ಚೆಯೇ ಬೇಡ, ಕ್ರುಸೇಡರ್ಸ್ ಕ್ರಾಸ್‌ಬೋ ಮತ್ತು ಊಬರ್‌ಸಾ. ಮಿಡ್‌ಗೆ ಹೊರಟಾಗಲೇ ಕ್ರಾಸ್‌ಬೋ ಏಕೆ ಬೇಕೆಂದು ತಿಳಿಯುತ್ತದೆ. ಡೆಮೋಮ್ಯಾನ್ ತನ್ನದೇ ಸ್ಟಿಕಿ ಬಾಂಬ್‌ಗಳನ್ನು ಸಿಡಿಸಿಕೊಂಡು ಹಾರುತ್ತಾ ನಿಮಗಿಂತ ಬಹಳ ಮೊದಲು ಅಲ್ಲಿ ಇಳಿಯುತ್ತಾನೆ. ಅವನ ಹೆಲ್ತ್ ಪಟ್ಟಿ ಕೆಂಪಗಿದೆ, ನೀವಿನ್ನೂ ಬಾಗಿಲಲ್ಲಿದ್ದೀರಿ, ಕಿರಣ ಅಷ್ಟು ದೂರ ಮುಟ್ಟುವುದಿಲ್ಲ. ಅಲ್ಲಿಂದ ಬಿಟ್ಟ ಒಂದು ಬಾಣ ಹತ್ತಿರವಾದರೆ 75, ದೂರವಾದಷ್ಟೂ ಹೆಚ್ಚಿ 150ರವರೆಗೆ ಹೆಲ್ತ್ ಕೊಡುತ್ತದೆ. ಒಳಗಿಟ್ಟಾಗ ತಾನೇ ತುಂಬಿಕೊಳ್ಳುವುದರಿಂದ ಬಾಣ ಬಿಟ್ಟು ತಕ್ಷಣ ಮೆಡಿಗನ್‌ಗೆ ಮರಳಿ. ಊಬರ್‌ಸಾ ತಾಗಿದ ಪ್ರತಿ ಹೊಡೆತಕ್ಕೂ ಶೇಕಡಾ 25 ಚಾರ್ಜ್ ಕೊಡುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದ ಮೆಡಿಕ್ ಒಂದೇ ಏಟಿನಿಂದ 80ನ್ನು ನೂರು ಮಾಡಿಕೊಂಡು ಬದುಕಿ ಬರುವುದನ್ನು ನೋಡಿದಾಗಲೆಲ್ಲ ನನಗೆ ಈ ಆಟದ ಮೇಲಿನ ಪ್ರೀತಿ ಹೊಸದಾಗುತ್ತದೆ.

ಪ್ರಶ್ನೆ: ಕಾಳಗ ಇಲ್ಲದ ಹೊತ್ತಿನಲ್ಲಿ ನಮ್ಮ ಸ್ಕೌಟ್ ಬಾಸ್ಟನ್ ಬ್ಯಾಶರ್ ಎಂಬ ದೊಣ್ಣೆ ಬೀಸಿ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾನೆ. ಇದರಿಂದ ಏನು ಲಾಭ?

ಉತ್ತರ: ಅವನು ಮೆಡಿಕ್‌ಗೆ ಸಹಾಯ ಮಾಡುತ್ತಿದ್ದಾನೆ, ತಡೆಯಬೇಡಿ. ಆರೈಕೆ ಪಡೆಯುವವರ ಹೆಲ್ತ್ ಓವರ್‌ಹೀಲ್‌ನ ತುದಿಗೆ ಬಂದಾಗ ಊಬರ್ ತುಂಬುವ ವೇಗ ಅರ್ಧಕ್ಕೆ ಇಳಿಯುತ್ತದೆ. ಸ್ಕೌಟ್‌ಗೆ ಆ ಗೆರೆ ಸುಮಾರು 178, ಸೋಲ್ಜರ್‌ಗೆ 285. ಎಲ್ಲರೂ ತುಂಬಿ ತುಳುಕುತ್ತಿದ್ದರೆ ಮೆಡಿಕ್‌ನ ಸಮಯ ವ್ಯರ್ಥ. ಬ್ಯಾಶರ್ ಗಾಳಿಗೆ ಬೀಸಿದರೆ ಏಟು ಬೀಸಿದವನಿಗೇ ಬಿದ್ದು ರಕ್ತ ಸುರಿಯುತ್ತದೆ, ಮೆಡಿಕ್‌ಗೆ ಪೂರ್ಣ ವೇಗದಲ್ಲಿ ತುಂಬಲು ಕೆಲಸ ಸಿಗುತ್ತದೆ. ಸೋಲ್ಜರ್ ತನ್ನ ಕಾಲಿಗೆ ರಾಕೆಟ್ ಹೊಡೆದುಕೊಳ್ಳುವುದೂ ಇದೇ ಕಾರಣಕ್ಕೆ. ಎದುರಾಳಿ ಬರುವ ಸುಳಿವು ಸಿಕ್ಕರೆ ಮಾತ್ರ ಕೂಡಲೇ ನಿಲ್ಲಿಸಬೇಕು.

ಪ್ರಶ್ನೆ: ಪಂದ್ಯ ಶುರುವಾದಾಗ ನಾನು ಹಾಕಿಕೊಂಡ ಆಯುಧ ಕೈಯಲ್ಲಿರಲಿಲ್ಲ, ಅದರ ಬದಲು ಸಾಮಾನ್ಯ ಆಯುಧ ಇತ್ತು. ದೋಷ ಎಲ್ಲಿದೆ?

ಉತ್ತರ: ದೋಷವಲ್ಲ. ಲೀಗ್‌ಗಳು ಯಾವ ಆಯುಧಕ್ಕೆ ಅನುಮತಿ ಎಂಬ ಪಟ್ಟಿಯನ್ನು ಸರ್ವರ್‌ಗೆ ಹಾಕಿರುತ್ತವೆ. ಪಟ್ಟಿಯಲ್ಲಿ ಇಲ್ಲದ್ದನ್ನು ತಂದರೆ ಸರ್ವರ್ ಅದನ್ನು ತೆಗೆದು ಆ ಕ್ಲಾಸ್‌ನ ಸಾಮಾನ್ಯ ಆಯುಧ ಕೊಡುತ್ತದೆ. ಆಟವನ್ನು ವಿಪರೀತ ನಿಧಾನ ಮಾಡುವ, ಅಥವಾ ಎದುರಿಸಲು ದಾರಿಯೇ ಇಲ್ಲದ ಆಯುಧಗಳನ್ನು ಹೀಗೆ ಹೊರಗಿಡುತ್ತಾರೆ. ಆರು ಜನರ ಆಟದಲ್ಲಿ ವ್ಯಾಕ್ಸಿನೇಟರ್ ಎಂಬ ಮೆಡಿಗನ್ ಇದಕ್ಕೆ ಒಳ್ಳೆಯ ಉದಾಹರಣೆ. ಪಟ್ಟಿ ಒಂದು ಲೀಗ್‌ನಿಂದ ಇನ್ನೊಂದಕ್ಕೆ, ಒಂದು ಸೀಸನ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅಭ್ಯಾಸದ ಸರ್ವರ್‌ಗೂ ನಿಮ್ಮ ಲೀಗ್‌ನ ಈಗಿನ ಪಟ್ಟಿಯನ್ನೇ ಹಾಕಿ, ಉಳಿಸಿಟ್ಟ ಲೋಡ್‌ಔಟ್‌ಗಳನ್ನು ಒಂದೊಂದಾಗಿ ಆರಿಸಿ, ಕಪಾಟಿನ ಮುಂದೆ ನಿಂತು ಮೂರೂ ಆಯುಧಗಳನ್ನು ಕೈಗೆ ತೆಗೆದುಕೊಂಡು ನೋಡಿ. ಹೊರಗಿಟ್ಟದ್ದು ಯಾವುದೆಂದು ಪಂದ್ಯದ ಮೊದಲೇ ತಿಳಿಯುತ್ತದೆ.